ಗುಂಡು ತಡೆಯುವ ಶಾಲಾಚೀಲದ ಕಂಪೆನಿಗೆ, ಅಬು ಹಮೂರಿನಿಂದ

ಗ್ರಾಹಕ ಸಂತೋಷ ವಿಭಾಗದ ಮುಖ್ಯಸ್ಥರಾದ ಮಾನ್ಯರೇ,

ದೋಹಾದ ಅಬು ಹಮೂರಿನಲ್ಲಿ, ಒಂದು ವಿಲ್ಲಾದ ಮೇಲಿನ ಮಹಡಿಯ ಎರಡು ಕೋಣೆಗಳಲ್ಲಿ ಸಂಸಾರ ಹೂಡಿರುವ, ಹಲ್ಲಿನ ಕ್ಲಿನಿಕ್ಕೊಂದರಲ್ಲಿ ರಿಸೆಪ್ಷನಿಸ್ಟ್ ಆಗಿರುವ, ಮೂಲತಃ ಕಾಪುವಿನವಳಾದ ಶರ್ಮಿಳಾ ಎಂಬ ನಾನು ತಮಗೆ ಮಾಡುವ ಅನಂತ ನಮಸ್ಕಾರಗಳು. ನಾವಿಲ್ಲಿ ಕ್ಷೇಮ. ತಾವೂ, ತಮ್ಮ ಕಾರ್ಖಾನೆಯೂ, ತಮ್ಮ ದೇಶದ ಮಕ್ಕಳೂ ಕ್ಷೇಮವೆಂದು ಭಾವಿಸುತ್ತೇನೆ ಎಂದು ಬರೆಯಲು ಹೊರಟವಳು ಮಕ್ಕಳು ಎಂಬಲ್ಲಿಗೆ ಬಂದಾಗ ಸ್ವಲ್ಪ ತಡವರಿಸಿದೆ. ಕ್ಷಮಿಸಬೇಕು.

ಇದು ದೂರಿನ ಪತ್ರವಾದರೂ ಮೊದಲು ಹೊಗಳದಿದ್ದರೆ ನನ್ನ ಮನಸ್ಸು ಒಪ್ಪದು. ತಮ್ಮ ಚೀಲದಷ್ಟು ಚೆಂದದ ಚೀಲವನ್ನು ನಾನು ಕಂಡಿಲ್ಲ. ತಿಳಿನೇರಳೆ ಬಣ್ಣ, ಮುಂದೆ ರೆಕ್ಕೆ ಬಿಚ್ಚಿದ ಬಿಳಿ ಕುದುರೆ, ಪಕ್ಕದಲ್ಲಿ ನೀರಿನ ಬಾಟ್ಲಿಗೊಂದು ಜೇಬು, ಹಿಂದೆ ಬೆನ್ನಿಗೆ ಒತ್ತಿಕೊಳ್ಳುವಂತೆ ಗುಂಡು ತಡೆಯುವ ಹಲಗೆ. ಪಿಸ್ತೂಲಿನ ಗುಂಡನ್ನು ತಡೆಯುತ್ತದೆ, ರೈಫಲ್ಲಿನದನ್ನು ತಡೆಯುವುದಿಲ್ಲ ಎಂದು ತಾವು ಸಣ್ಣ ಅಕ್ಷರಗಳಲ್ಲಿ ಬರೆದಿದ್ದ ಪ್ರಾಮಾಣಿಕತೆ ನನಗೆ ಬಹಳ ಹಿಡಿಸಿತು. ಶಾಲೆಗೆ ನುಗ್ಗುವವನಿಗೆ ಯಾವುದನ್ನು ತರಬೇಕೆಂದು ಮೊದಲೇ ತಿಳಿಸುವ ಏರ್ಪಾಡೂ ತಮ್ಮಲ್ಲಿರಬೇಕೆಂದು ನಂಬಿದೆ. ಕೆಳಗೆ ಗ್ರಾಹಕರೊಬ್ಬರು, "ಮಗಳಿಗೆ ಬಣ್ಣ ತುಂಬಾ ಇಷ್ಟವಾಯಿತು, ಬಳಸುವ ಸಂದರ್ಭ ಇನ್ನೂ ಬಂದಿಲ್ಲ" ಎಂದು ಬರೆದು ಐದು ನಕ್ಷತ್ರ ಕೊಟ್ಟಿದ್ದರು. ಆ "ಇನ್ನೂ" ಎಂಬ ಪದವನ್ನು ಓದಿದ ಮೇಲೆಯೇ ನಾನು ಆರ್ಡರ್ ಮಾಡಿದ್ದು.

ನಮಗೇಕೆ ಈ ಚೀಲ ಎಂದು ತಾವು ಕೇಳಬಹುದು. ನನ್ನ ಗಂಡ ಸುಶಾಂತ್ ಇಂಡಸ್ಟ್ರಿಯಲ್ ಏರಿಯಾದ ವಾಲ್ವ್ ರಿಪೇರಿ ವರ್ಕ್‌ಶಾಪಿನಲ್ಲಿ ಸೂಪರ್‌ವೈಸರ್. ಕಂಪೆನಿಯವರು ಕಳೆದ ಮಾರ್ಚ್‌ನಲ್ಲಿ ಅವರನ್ನು ಕರೆದು, ಎರಡು ವರ್ಷ ಟೆಕ್ಸಾಸಿನ ಶಾಖೆ ನೋಡಿಕೊಳ್ಳಬೇಕು, ಸಂಸಾರವನ್ನೂ ಕರೆದುಕೊಂಡು ಹೋಗಬಹುದು ಎಂದರು. ವಿಸಿಟ್ ವೀಸಾದಲ್ಲಿ ಬಂದು ನಮ್ಮೊಡನಿದ್ದ ನನ್ನ ಅತ್ತೆ ಪೂವಕ್ಕ ಅದೇ ಸಂಜೆ ಊರಿನ ಹದಿನಾಲ್ಕು ಮನೆಗಳಿಗೆ ಫೋನ್ ಮಾಡಿ ಮುಗಿಸಿದರು. ಎಂಟು ವರ್ಷದ ಮಗಳು ಮೋಕ್ಷಾ ಹಿಮಮನುಷ್ಯನ ಚಿತ್ರ ಬರೆದು ಫ್ರಿಜ್ಜಿಗೆ ಅಂಟಿಸಿದಳು. ಟೆಕ್ಸಾಸಿನಲ್ಲಿ ಹಿಮ ಬೀಳುವುದು ಅಪರೂಪವೆಂದು ಅವಳಿಗೆ ಯಾರೂ ಹೇಳಲಿಲ್ಲ. ಅಲ್ಲಿ ಬೇರೆ ಏನೇನು ಬೀಳುತ್ತದೆಂದು ನಮಗೂ ಯಾರೂ ಹೇಳಿರಲಿಲ್ಲ. ಮುಂದೆ ಸೇರಬೇಕಿದ್ದ ಶಾಲೆಯ ಪೋಷಕರ ಗುಂಪಿಗೆ ನನ್ನನ್ನು ಸೇರಿಸಿಕೊಂಡ ತಾಯಿಯೊಬ್ಬರು ಪೆನ್ಸಿಲು, ಗೋಂದು, ಟಿಶ್ಯೂ ಎಂದೆಲ್ಲ ಪಟ್ಟಿ ಕೊಟ್ಟು, ಮಳೆಗಾಲಕ್ಕೆ ಕೊಡೆ ಕೊಳ್ಳಲು ಹೇಳುವಷ್ಟೇ ಸಲೀಸಾಗಿ ತಮ್ಮ ಈ ಚೀಲದ ಲಿಂಕನ್ನೂ ಕಳಿಸಿದರು.

ಚೀಲವೇನೋ ಬಂತು, ಆದರೆ ಕಸ್ಟಮ್ಸಿನಲ್ಲಿ ನಿಂತಿತು. ಕರೆ ಬಂದು ನಾನು ಹೋದಾಗ, ತೋಬು ಎಂಬ ಬೆಳ್ಳಗಿನ ನಿಲುವಂಗಿ ತೊಟ್ಟ ಯುವ ಅಧಿಕಾರಿಯೊಬ್ಬರು ಅದನ್ನು ಮೇಜಿನ ಮೇಲೆ ಮಲಗಿಸಿ, ಎಕ್ಸ್‌ರೇಯ ಚಿತ್ರ ತೋರಿಸಿದರು.

"ಮೇಡಂ, ಇದು ಸೈನಿಕರ ಸಾಮಾನು. ಯಾರಿಗೆ?"

"ಮಗಳಿಗೆ ಸರ್."

"ಮಗಳು ಪೊಲೀಸಾ?"

"ಮೂರನೇ ಕ್ಲಾಸು ಸರ್. ಅಮೆರಿಕಕ್ಕೆ ಹೋಗ್ತಾ ಇದ್ದೇವೆ."

"ಅಲ್ಲಿ ಯುದ್ಧ ನಡೀತಾ ಇದೆಯಾ?"

"ಇಲ್ಲ ಸರ್, ಶಾಲೆ ನಡೀತಾ ಇದೆ."

ಅವರು ನನ್ನ ಮುಖವನ್ನೊಮ್ಮೆ, ಕುದುರೆಯ ಮುಖವನ್ನೊಮ್ಮೆ ನೋಡಿ, ಒಳಗಿನಿಂದ ಇನ್ನಿಬ್ಬರನ್ನು ಕರೆಸಿದರು. ಮೂವರೂ ಚೀಲಕ್ಕೆ ಬೆರಳಿನಿಂದ ತಟ್ಟಿ, ತಟ್ಟಿ, ನನಗೆ ಕರಕ್ ಚಹಾ ತರಿಸಿಕೊಟ್ಟರು. ಎರಡು ಗಂಟೆಗಳಲ್ಲಿ ನನ್ನ ಕೆಲಸ, ವಿಳಾಸ, ಗಂಡನ ಕೆಲಸ, ಗಂಡನ ಕೆಲಸದ ವಿಳಾಸ, ಎಲ್ಲವನ್ನೂ ಕೇಳಿದರು. ಫಾರಮ್ಮಿನಲ್ಲಿ ಬಳಕೆಯ ಉದ್ದೇಶ ಎಂಬ ಜಾಗದಲ್ಲಿ ನಾನು ಗಣಿತ, ವಿಜ್ಞಾನ, ಇಂಗ್ಲಿಷ್ ಎಂದು ಬರೆದೆ. ಕೊನೆಗೆ ಆ ಅಧಿಕಾರಿ ಮುದ್ರೆ ಒತ್ತಿ, "ಯಲ್ಲಾ ಮೇಡಂ, ತಗೊಂಡು ಹೋಗಿ. ನನಗೂ ಮೂರನೇ ಕ್ಲಾಸಿನ ಮಗಳಿದ್ದಾಳೆ. ನಾನಾದರೆ ಚೀಲ ತರಿಸುತ್ತಿರಲಿಲ್ಲ, ಮಗುವನ್ನೇ ಕಳಿಸುತ್ತಿರಲಿಲ್ಲ" ಎಂದರು. ಚೀಲವೊಂದನ್ನು ಬಿಡಿಸಿಕೊಳ್ಳಲು ನನಗೆ ಕೇಳಿದ ಪ್ರಶ್ನೆಗಳ ಅರ್ಧದಷ್ಟನ್ನು ತಮ್ಮ ದೇಶದಲ್ಲಿ ಕೋವಿ ಕೊಳ್ಳಲು ಬಂದವನಿಗೆ ಕೇಳಿದರೆ ತಮ್ಮ ವ್ಯಾಪಾರಕ್ಕೆ ಎಂಥ ಹೊಡೆತ ಬೀಳುತ್ತಿತ್ತು ಎಂದು ಯೋಚಿಸಿ ನನಗೆ ಟ್ಯಾಕ್ಸಿಯಲ್ಲಿ ನಗು ಬಂತು.

ಮನೆಯಲ್ಲಿ ಅತ್ತೆ ಚೀಲವನ್ನು ತಿರುಗಿಸಿ ಮುರುಗಿಸಿ ನೋಡಿದರು. "ಪರೀಕ್ಷೆ ಮಾಡದೆ ಮಗುವಿಗೆ ಹೇಗೆ ಕೊಡುವುದು ಮಾರಾಯ್ತಿ?" ಎಂದು ಅಡುಗೆಮನೆಯಿಂದ ತೆಂಗಿನಕಾಯಿ ತಂದು, ಚೀಲವನ್ನು ಹೊರಕೋಣೆಯ ಕಾರ್ಪೆಟ್ಟಿನ ಮೇಲಿಟ್ಟು ರಪ್ಪನೆ ಕುಕ್ಕಿದರು. ಮೂರನೇ ಏಟಿಗೆ ಕಾಯಿ ಎರಡು ಹೋಳಾಯಿತು, ಕಾರ್ಪೆಟ್ ನೀರಾಯಿತು, ಕುದುರೆಗೆ ಒಂದು ಗೀರೂ ಬೀಳಲಿಲ್ಲ. "ಗಟ್ಟಿ ಉಂಟು" ಎಂದು ಅತ್ತೆ ಸರ್ಟಿಫಿಕೇಟ್ ಕೊಟ್ಟರು. ತಾವು ಬೇಕಾದರೆ ಜಾಹೀರಾತಿನಲ್ಲಿ ಬಳಸಿಕೊಳ್ಳಬಹುದು. ಆಮೇಲೆ ತೊಂಬತ್ತೆಂಟು ಕಿಲೋದ ಸುಶಾಂತ್ ಅದನ್ನು ಎದೆಗೆ ಕಟ್ಟಿಕೊಂಡು ಕನ್ನಡಿಯ ಮುಂದೆ ನಿಂತರು. ಚೀಲದಿಂದ ಅಂಗಿಯ ಎರಡು ಗುಂಡಿಗಳಷ್ಟೇ ಮರೆಯಾದವು. ಹೊಟ್ಟೆಯನ್ನು ಬೇರೆ ಶಾಲೆಗೆ ಸೇರಿಸಬೇಕಾದೀತು ಎಂದು ನಾನಂದೆ. ಆ ಸಂಜೆ ನಾವು ನಾಲ್ವರೂ ಪಕ್ಕೆ ನೋಯುವಷ್ಟು ನಕ್ಕೆವು. ಅಷ್ಟು ನಗಿಸಿದ್ದಕ್ಕೆ ತಮಗೆ ಋಣಿ.

ಮುಂದಿನ ವಾರ ಆ ಶಾಲೆಯ ಟೀಚರು ಹೊಸ ಮಕ್ಕಳಿಗೆಂದು ಆನ್‌ಲೈನಿನಲ್ಲಿ ಬಂದರು. ಬಹಳ ಒಳ್ಳೆಯ ಹೆಣ್ಣುಮಗಳು. ಶಾಲೆಯ ತೋಟ, ಗ್ರಂಥಾಲಯ, ಮೊಲದ ಗೂಡು ತೋರಿಸಿದ ಮೇಲೆ, ಕೆಟ್ಟವರು ಬಂದರೆ ಏನು ಮಾಡಬೇಕೆಂದು ಚಪ್ಪಾಳೆ ತಟ್ಟುತ್ತ ಹಾಡು ಕಲಿಸಿದರು. ಚೀಲ ಎದೆಗೆ, ಬಾಯಿಗೆ ಬೀಗ, ಗೋಡೆಗೆ ಅಂಟು ಬೇಗ ಬೇಗ ಎಂಬ ಅರ್ಥ ಬರುವ ಹಾಡು. ಇಂಗ್ಲಿಷ್ ಬಾರದ ಅತ್ತೆಗೆ ರಾಗ ಬಹಳ ಹಿಡಿಸಿ ಮೊಮ್ಮಗಳ ಪಕ್ಕದಲ್ಲಿ ಕೂತು ತಾವೂ ಚಪ್ಪಾಳೆ ತಟ್ಟಿದರು. ನಾನು ಅರ್ಥ ಹೇಳಿದಾಗ ಕೈ ಹಾಗೆಯೇ ನಿಂತಿತು.

"ಅವರಿಗೆ ಕೋವಿ ಕೊಡುವುದು ಯಾರು?"

"ಅಂಗಡಿಯಲ್ಲಿ ಸಿಗ್ತದೆ ಅತ್ತೆ."

"ನಮ್ಮ ಅಣ್ಣನಿಗೆ ಹಂದಿ ಓಡಿಸಲಿಕ್ಕೆ ಇದ್ದದ್ದು ಒಂದೇ ಒಂದು ಕೋವಿ. ಓಟು ಬಂದಾಗೆಲ್ಲ ಅದನ್ನು ಹೊತ್ತುಕೊಂಡು ಹೋಗಿ ಸ್ಟೇಷನ್ನಿನಲ್ಲಿ ಕೊಟ್ಟು ಚೀಟಿ ತಕೊಂಡು ಬರ್ಬೇಕಿತ್ತು. ಅಲ್ಲಿ ಓಟು ಇಲ್ವಾ?"

ಇದೆ ಎಂದೆ.

ಆ ಶುಕ್ರವಾರ, ಮಾನ್ಯರೇ, ಮೋಕ್ಷಾ ಕಾಣೆಯಾದಳು. ಊಟಕ್ಕೆ ಕರೆದರೆ ಇಲ್ಲ, ಟೆರೇಸಿನಲ್ಲಿ ಇಲ್ಲ, ಮೂಲೆಯ ದಿನಸಿ ಅಂಗಡಿಯಲ್ಲೂ ಇಲ್ಲ. ಹೊರಗೆ ನಲವತ್ತನಾಲ್ಕು ಡಿಗ್ರಿ ಬಿಸಿಲು. ಆಗಷ್ಟೇ ಇಗರ್ಜಿಯಿಂದ ಬಂದಿದ್ದ ಕೆಳಮನೆಯ ಮಟಿಲ್ಡಾ ಬಾಯಿ ಪೂಜೆಯ ಸೀರೆಯಲ್ಲೇ ನೀರಿನ ಟ್ಯಾಂಕಿನ ಏಣಿ ಹತ್ತಿ ಮುಚ್ಚಳ ತೆಗೆದು ನೋಡಿದರು. ಸುಶಾಂತ್ ಚಪ್ಪಲಿಯಿಲ್ಲದೆ ಬೀದಿಯುದ್ದಕ್ಕೂ ಓಡಿ, ನಿಂತ ಪ್ರತಿ ಕಾರಿನ ಕೆಳಗೂ ಬಗ್ಗಿದರು. ನಾನು ಕೋಣೆಯಿಂದ ಕೋಣೆಗೆ, "ಮೋಕ್ಷಾ, ಎಲ್ಲಿದ್ದಿ ಮಗಾ, ಅಮ್ಮ ಕರೀತಾ ಇದ್ದೇನೆ" ಎಂದು ಗಂಟಲು ಹರಿಯುವಂತೆ ಕೂಗಿದೆ. ಒಂದೂವರೆ ಗಂಟೆಯಾಯಿತು. "ಪೊಲೀಸರಿಗೆ ಹೇಳುವ, ಅವಳ ಪಾಸ್‌ಪೋರ್ಟ್ ತೆಗಿ ಶರ್ಮಿಳಾ" ಎಂದರು ಮಟಿಲ್ಡಾ ಬಾಯಿ. ಪಾಸ್‌ಪೋರ್ಟುಗಳಿರುವ ಕಪಾಟಿನ ಬಾಗಿಲನ್ನು ನಾನು ಎಳೆದೆ.

ಕಂಬಳಿಗಳ ಹಿಂದೆ, ಮಂಡಿ ಮಡಚಿ, ತಮ್ಮ ಚೀಲವನ್ನು ಎದೆಗೆ ಅವುಚಿಕೊಂಡು ಮಗಳು ಕೂತಿದ್ದಳು. ಬೆವರಿನಲ್ಲಿ ಕೂದಲೆಲ್ಲ ಹಣೆಗೆ ಅಂಟಿತ್ತು. ತುಟಿ ಗಟ್ಟಿಯಾಗಿ ಮುಚ್ಚಿತ್ತು.

"ಕರೆದದ್ದು ಕೇಳಲಿಲ್ವಾ ಮಗಾ?"

"ಕೇಳ್ತು. ಟೀಚರ್ ಹೇಳಿದ್ರಲ್ಲ ಅಮ್ಮಾ, ಅಮ್ಮನ ವಾಯ್ಸ್ ಬಂದ್ರೂ ಓಪನ್ ಮಾಡ್ಬಾರ್ದು ಅಂತ. ಅದು ಅಮ್ಮ ಅಲ್ಲದೆ ಇರ್ಬಹುದು." ಆಮೇಲೆ ಬೆವರೊರೆಸಿಕೊಂಡು, ಮುಖವರಳಿಸಿ, "ನಾನು ವಿನ್ ಅಲ್ವಾ? ಯಾರೂ ಫೈಂಡ್ ಮಾಡ್ಲಿಲ್ಲ!" ಎಂದಳು.

ಸುಶಾಂತ್ ಸುಟ್ಟ ಕಾಲುಗಳಲ್ಲೇ ಬಂದು ಕಪಾಟಿನ ಮುಂದೆ ನೆಲದಲ್ಲಿ ಕೂತುಬಿಟ್ಟರು. ಅವಳು ಗೆದ್ದಳೆಂದು ನಾವೆಲ್ಲ ಚಪ್ಪಾಳೆ ತಟ್ಟಿದೆವು. ತಟ್ಟದೆ ಬೇರೆ ದಾರಿಯಿರಲಿಲ್ಲ.

ಭಾನುವಾರ ಬೆಳಿಗ್ಗೆ ಸುಶಾಂತ್ ವರ್ಕ್‌ಶಾಪಿನ ಮ್ಯಾನೇಜರ್ ಗೋಪಿನಾಥರ ಕೋಣೆಗೆ ಹೋಗಿ, ತಾನು ಟೆಕ್ಸಾಸಿಗೆ ಹೋಗುವುದಿಲ್ಲವೆಂದರು.

"ಎಂತ ಕಾರಣ? ಇಂಥ ಚಾನ್ಸ್ ಪುನಃ ಬರ್ಲಿಕ್ಕಿಲ್ಲ."

"ಮಗಳ ಬ್ಯಾಗು ಭಾರ ಉಂಟು ಸಾರ್."

ಕಥೆಯೆಲ್ಲ ಕೇಳಿದ ಮೇಲೆ ಗೋಪಿನಾಥರು ಫೈಲು ಮುಚ್ಚಿ, "ಖಲಾಸ್. ಮಕ್ಕಳಿಲ್ಲದವರನ್ನು ಯಾರನ್ನಾದ್ರೂ ನೋಡ್ತೇನೆ" ಎಂದರಂತೆ. ಮಕ್ಕಳಿಲ್ಲದವರೂ ಅಂಗಡಿಗೆ, ಸಿನಿಮಾಕ್ಕೆ, ಪ್ರಾರ್ಥನೆಗೆ ಹೋಗುತ್ತಾರಲ್ಲ ಎಂದು ಸುಶಾಂತ್ ಮನೆಗೆ ಬಂದ ಮೇಲೆ ನನ್ನೊಡನೆ ಅಂದರು. ಸಿಗಬೇಕಿದ್ದ ಬಡ್ತಿ ಇನ್ನೊಬ್ಬರಿಗೆ ಹೋಯಿತು. ಅತ್ತೆ ಮತ್ತೆ ಹದಿನಾಲ್ಕು ಮನೆಗಳಿಗೆ ಫೋನ್ ಮಾಡಿ, ದೋಹಾದ ಜುಲೈ ತಿಂಗಳಲ್ಲಿ ಕೂತುಕೊಂಡು, "ಅಲ್ಲಿ ಭಯಂಕರ ಸೆಖೆಯಂತೆ, ಬೇಡ ಅಂತ ಬಿಟ್ಟೆವು" ಎಂದರು.

ಈಗ ನನ್ನ ದೂರು. ಚೀಲ ಮರಳಿಸಲು ಹೊರಟರೆ, ತಮ್ಮ ಫಾರಮ್ಮಿನಲ್ಲಿ ಬಣ್ಣ ಇಷ್ಟವಾಗಲಿಲ್ಲ, ಅಳತೆ ಸರಿಯಿಲ್ಲ, ಮನಸ್ಸು ಬದಲಾಯಿತು ಎಂಬ ಕಾರಣಗಳಷ್ಟೇ ಇವೆ. ಬಣ್ಣ ಇಷ್ಟವಾಗಿದೆ, ಅಳತೆ ಸರಿಯಿದೆ, ಬದಲಾಗಬೇಕಾದ ಮನಸ್ಸು ನನ್ನದಲ್ಲ. ತಮ್ಮ ಚಾಟ್ ಯಂತ್ರ, ಉತ್ಪನ್ನವು ನಿರೀಕ್ಷೆಯಂತೆ ತಡೆಯಲಿಲ್ಲವೇ ಎಂದು ವಿನಯದಿಂದ ಕೇಳಿತು. ತಡೆಯಿತು ಸ್ವಾಮಿ. ಗುಂಡನ್ನು ತಡೆಯುತ್ತದೋ ಇಲ್ಲವೋ ನಾನರಿಯೆ, ಮಗುವನ್ನು ತಾಯಿಯಿಂದ ಒಂದೂವರೆ ಗಂಟೆ ತಡೆಯಿತು.

ಆದ್ದರಿಂದ ತಮ್ಮಲ್ಲಿ ನನ್ನ ಬಿನ್ನಹ. ದಯವಿಟ್ಟು ಚೀಲವನ್ನು ಸ್ವಲ್ಪ ದೊಡ್ಡದು ಮಾಡಿ. ಪಕ್ಕದ ಬೆಂಚಿನ ಮಗುವೂ ಹಿಡಿಸಲಿ, ಹಾಡು ಕಲಿಸಿದ ಟೀಚರೂ ಹಿಡಿಸಲಿ, ಶಾಲೆಯ ಬಸ್ಸು, ಮೊಲದ ಗೂಡು, ಬೇಕಾದರೆ ಇಡೀ ಊರೇ ಹಿಡಿಸಲಿ. ಅಷ್ಟು ಬಟ್ಟೆ ಸಿಗದಿದ್ದರೆ ಚೀಲವನ್ನು ಚಿಕ್ಕದು ಮಾಡಿ, ಕೋವಿಯ ಅಳತೆಗೆ ಹೊಲಿದು, ಕೋವಿಗಳನ್ನೇ ಒಳಗಿಟ್ಟು ಬೀಗ ಹಾಕಿ. ಅದೂ ಆಗದೆಂದಾದರೆ ನನ್ನ ಅತ್ತೆಯ ಸಲಹೆಯನ್ನು ತಮ್ಮ ಸರಕಾರಕ್ಕೆ ಮುಟ್ಟಿಸಿ: ದಿನಾ ಬೆಳಿಗ್ಗೆ ಶಾಲೆಯ ಗಂಟೆ ಹೊಡೆಯುವ ಮುಂಚೆ ಚುನಾವಣೆ ಘೋಷಿಸಿ, ಎಲ್ಲರೂ ಕೋವಿಯನ್ನು ಠಾಣೆಯಲ್ಲಿಟ್ಟು ಚೀಟಿ ಪಡೆಯಲಿ. ಮಕ್ಕಳು ಮನೆ ಸೇರಿದ ಮೇಲೆ ಫಲಿತಾಂಶ ಏನು ಬಂದರೂ ನಮ್ಮ ತಕರಾರಿಲ್ಲ.

ತಮ್ಮ ವ್ಯಾಪಾರ ಆದಷ್ಟು ಬೇಗ ಸಂಪೂರ್ಣ ನೆಲಕಚ್ಚಲೆಂದು ಮನಸಾರೆ ಹಾರೈಸುವ,

ತಮ್ಮ ವಿಶ್ವಾಸಿ,
ಶರ್ಮಿಳಾ

ಮರೆತ ಮಾತು: ಈ ಪತ್ರ ಮುಗಿಸುವಷ್ಟರಲ್ಲಿ ತಮ್ಮ ಹೊಸ ಇಮೇಲ್ ಬಂತು. ಅಂಗನವಾಡಿಯ ವಯಸ್ಸಿನ ಮಕ್ಕಳಿಗೆ ಗುಂಡು ತಡೆಯುವ ಹೊದಿಕೆ ಬಂದಿದೆಯಂತೆ, ಅದರ ಮೇಲೆ ಮಗುವಿನ ಹೆಸರನ್ನು ಕೆಂಪು ದಾರದಲ್ಲಿ ಕಸೂತಿ ಹಾಕಿಸಿಕೊಡುತ್ತೀರಂತೆ. ಹೆಸರು ಕೇಳಿದರೆ ಮಗುವೇ ಹೇಳುತ್ತದಲ್ಲ, ಹೊದಿಕೆಯ ಮೇಲಿನದನ್ನು ಯಾರು, ಯಾವಾಗ ಓದಲೆಂದು ಬರೆಸುವುದು, ಒಂದು ಸಾಲು ಬರೆದು ತಿಳಿಸಿ.