ಮಂಗಳವಾರ ಹೊಸ್ತಿಲು ದಾಟದ ಎರಡು ಭಾಷೆಗಳು

ಮನುಷ್ಯನಿಗೆ ಇರುವ ಹಲವು ಬಗೆಯ ಅಹಂಕಾರಗಳಲ್ಲಿ, ತನಗೆ ಬಾರದ ಭಾಷೆಯ ಬಗ್ಗೆ ಅಧಿಕಾರವಾಣಿಯಿಂದ ಮಾತಾಡುವ ಅಹಂಕಾರ ಬಹಳ ಸುರಕ್ಷಿತವಾದದ್ದು. ಕೇಳುವವರಿಗೂ ಆ ಭಾಷೆ ಬಾರದ ಕಾರಣ ಸಿಕ್ಕಿಬೀಳುವ ಭಯವಿಲ್ಲ. ಇದನ್ನು ಅನುಭವದಿಂದಲೇ ಹೇಳುತ್ತಿದ್ದೇನೆ. ವಾಡಿಯ ಒಂದು ಪ್ರೌಢಶಾಲೆಯಲ್ಲಿ ಇಪ್ಪತ್ತು ವರ್ಷದಿಂದ ಕನ್ನಡ ಕಲಿಸುತ್ತಿರುವ ನಾನು, ಒಂದು ಮದುವೆಯ ಊಟದಲ್ಲಿ ಪಕ್ಕ ಕುಳಿತಿದ್ದ ಸೇಡಂ ಕಾಲೇಜೊಂದರ ಪ್ರಾಚಾರ್ಯರಿಗೆ, "ಜಗತ್ತಿನ ಭಾಷೆಗಳನ್ನು ಹೋಲಿಸಿ ನೋಡುವುದು ನನ್ನ ಹವ್ಯಾಸ" ಎಂದುಬಿಟ್ಟಿದ್ದೆ. ಹೋಳಿಗೆಯ ಮೇಲೆ ತುಪ್ಪ ಬೀಳುವ ಹೊತ್ತಿನಲ್ಲಿ ಬಾಯಿಂದ ಏನು ಬಿದ್ದೀತೆಂಬ ಎಚ್ಚರ ಯಾರಿಗಿರುತ್ತದೆ? ನಾನು ಹೋಳಿಗೆಯೊಂದಿಗೆ ಆ ಮಾತನ್ನೂ ಅರಗಿಸಿಕೊಂಡು ಮರೆತೆ. ಅವರು ಮರೆಯಲಿಲ್ಲ.

ಒಂದು ದಿನ ಫೋನು ಬಂತು. "ಮೇಡಂ, ಹೈದರಾಬಾದಿನಾಗ ಓದಲಿಕತ್ತ ಇಬ್ಬರು ಹೆಣ್ಣಮಕ್ಕಳು ಸನ್ನತಿ ಸ್ತೂಪ ನೋಡಲಿಕ್ಕೆ ಬರಲಿಕತ್ತಾರ. ಒಬ್ಬಾಕಿ ಥಾಯ್ಲೆಂಡಿನಾಕಿ, ಇನ್ನೊಬ್ಬಾಕಿ ಮಂಗೋಲಿಯಾದಾಕಿ. ಎರಡು ದಿನ ನಿಮ್ಮ ಮನ್ಯಾಗ ಇರಲಿ. ಮಂಗಳವಾರ ಹನ್ನೊಂದಕ್ಕ ನಮ್ಮ ಕಾಲೇಜಿಗಿ ಕರಕೊಂಡು ಬರ್ರಿ. ಅವರ ಮುಂದ ನೀವು ಥಾಯ್ ಭಾಷಿ, ಮಂಗೋಲಿಯನ್ ಭಾಷಿ ಎರಡೂ ಹೋಲಿಸಿ ಅರ್ಧ ತಾಸು ಉಪನ್ಯಾಸ ಕೊಡ್ರಿ." ಆ ಎರಡು ಭಾಷೆಗಳ ಬಗ್ಗೆ ನನಗೆ ಏನೇನೂ ಗೊತ್ತಿರಲಿಲ್ಲ. ಆದರೂ "ಆಯ್ತ್ರಿ ಸರ್" ಎಂದೆ. ಯಾಕೆಂದರೆ ಇಷ್ಟು ವರ್ಷದಲ್ಲಿ ವೇದಿಕೆ ಹತ್ತಿದಾಗಲೆಲ್ಲ ನನ್ನ ಪಾಲಿಗೆ ಬಂದದ್ದು ಪ್ರಾರ್ಥನೆ ಇಲ್ಲವೇ ವಂದನಾರ್ಪಣೆ. ವಂದನಾರ್ಪಣೆಯ ಹೊತ್ತಿಗೆ ಸಭೆ ಚಪ್ಪಲಿ ಹುಡುಕುತ್ತಿರುತ್ತದೆ. ಆಮಂತ್ರಣ ಪತ್ರಿಕೆಯಲ್ಲಿ 'ಉಪನ್ಯಾಸ' ಎಂಬ ಪದದ ಮುಂದೆ ನನ್ನ ಹೆಸರು ಅಚ್ಚಾಗುವುದು ಇದೇ ಮೊದಲು. ಈ ಮಂಗಳವಾರ ತಪ್ಪಿದರೆ ನಿವೃತ್ತಿಯವರೆಗೂ ಚಪ್ಪಲಿ ಹುಡುಕುವವರಿಗೇ ಮಾತಾಡಬೇಕು.

ಪುಸ್ತಕ, ಮೊಬೈಲು ಹಿಡಿದು ಅಭ್ಯಾಸಕ್ಕೆ ಕುಳಿತೆ. ಕುಳಿತವಳು ಬೆರಗಾದೆ. ಥಾಯ್ ಭಾಷೆಯಲ್ಲಿ ಕ್ರಿಯಾಪದ ಅಲುಗಾಡುವುದೇ ಇಲ್ಲ. ನಿನ್ನೆ ಹೋದರೂ 'ಪೈ', ನಾಳೆ ಹೋದರೂ 'ಪೈ'. ಅವನು ಹೋದರೂ, ಅವಳು ಹೋದರೂ ಅದೇ. ಎಲ್ಲ ಕೆಲಸ ಗಂಟಲಿನದು. 'ಮಾ' ಎಂದು ಸಮವಾಗಿ ಹೇಳಿದರೆ 'ಬಾ', ಮೇಲಿನ ದನಿಯಲ್ಲಿ ಹೇಳಿದರೆ ಕುದುರೆ, ಕೆಳಗಿನಿಂದ ಏರಿಸಿದರೆ ನಾಯಿ. ಮಂಗೋಲಿಯನ್ ಇದಕ್ಕೆ ತೀರಾ ಉಲ್ಟಾ. ಅಲ್ಲಿ ರಾಗವಿಲ್ಲ, ಬಾಲವಿದೆ. ಮನೆಗೆ 'ಗೆರ್', ಮನೆಯಲ್ಲಿ ಎನ್ನಲು 'ಗೆರ್ಟ್', ಮನೆಯಿಂದ ಎನ್ನಲು 'ಗೆರೇಸ್'. ನಮ್ಮ ವಾಡಿ ಜಂಕ್ಷನ್ನಿನಲ್ಲಿ ಡಬ್ಬಿಗೆ ಡಬ್ಬಿ ಕೂಡಿಸಿದ ಹಾಗೆ ಪ್ರತ್ಯಯಗಳು ಒಂದರ ಹಿಂದೊಂದು ಬರುತ್ತವೆ. ಕ್ರಿಯಾಪದ ನಮ್ಮದರಂತೆಯೇ ಕೊನೆಗೆ ಕೂರುತ್ತದೆ. ಅಡುಗೆಮನೆಯಲ್ಲಿ ನಾನು ಥಾಯ್ ನಾಯಿಯನ್ನೂ ಕುದುರೆಯನ್ನೂ ಬೇರೆ ಮಾಡಲು ಒದ್ದಾಡುತ್ತಿದ್ದಾಗ ಅತ್ತೆ ಇಣುಕಿ ನೋಡಿದರು. "ಯಾಕವ್ವ, ಕರಾ ಕಳಕೊಂಡ ಎಮ್ಮಿ ಒದರಿದಂಗ ಒದರಲಿಕತ್ತಿ? ಹೊಟ್ಟಿ ನೋಯ್ತದೇನು?" ಎಂದು ಅಜವಾನ ಕೊಟ್ಟು ಹೋದರು. ಅತ್ತೆಯ ಊರು ಗುಂಡಗುರ್ತಿ. ಸಾಲಿಯ ಕಟ್ಟೆ ಹತ್ತಿದವರಲ್ಲ. ಅವರಿಗೆ ತೌಲನಿಕ ಅಧ್ಯಯನವೆಂದರೆ ಏನೆಂದು ಹೇಳುವುದು ಎಂದುಕೊಂಡು ಅಜವಾನ ಅಗಿದೆ. ಅಂತೂ ಹದಿನಾಲ್ಕು ಪುಟ ಬರೆದೆ. ಕೊನೆಯ ವಾಕ್ಯ ಹೀಗಿತ್ತು: 'ಈ ಎರಡು ಭಾಷೆಗಳಿಗೆ ಪರಸ್ಪರ ಯಾವ ನಂಟೂ ಇಲ್ಲ, ನಮಗಂತೂ ಇವೆರಡರ ಗಾಳಿಯೂ ತಾಗಿಲ್ಲ.' ಬರೆದ ಮೇಲೆ ಅದನ್ನು ನಾಲ್ಕು ಸಲ ಗಟ್ಟಿಯಾಗಿ ಓದಿಕೊಂಡೆ.

ಭಾನುವಾರ ಹುಡುಗಿಯರು ರೈಲಿನಿಂದ ಇಳಿದರು. ಥಾಯ್ ಹುಡುಗಿಯ ಹೆಸರು ಮಾಲಿ, ಮಂಗೋಲಿಯಾದವಳದು ಸರನ್. ತಮ್ಮಲ್ಲಿ ಅವರು ಇಂಗ್ಲಿಷಿನಲ್ಲಿ ಮಾತಾಡಿಕೊಳ್ಳುತ್ತಿದ್ದರು. ನಾನು ಹೆಸರುಗಳ ಉಚ್ಚಾರ ಸರಿಪಡಿಸಿಕೊಳ್ಳುವಷ್ಟರಲ್ಲಿ ಅತ್ತೆ ಒಬ್ಬಳನ್ನು ಮಲ್ಲಮ್ಮ, ಇನ್ನೊಬ್ಬಳನ್ನು ಶರಣಮ್ಮ ಮಾಡಿ, ಇಬ್ಬರಿಗೂ ಬಿಸಿ ರೊಟ್ಟಿ ಬಡಿದು ಹಾಕುತ್ತಿದ್ದರು. ಸೋಮವಾರ ಸನ್ನತಿಗೆ ಹೋಗಿಬಂದೆವು. ಭೀಮೆಯ ದಂಡೆಯ ಆ ಕಲ್ಲುಗಳ ಮುಂದೆ ಇಬ್ಬರೂ ಮಂಡಿಯೂರಿ ಕಣ್ಣು ಮುಚ್ಚಿದರು. ನಾನು ನೆರಳಿನಲ್ಲಿ ನಿಂತು ಒಂಬತ್ತನೆಯ ಪುಟ ತಿದ್ದುತ್ತಿದ್ದೆ. ಸಂಜೆ ನನಗೊಂದು ದುರ್ಬುದ್ಧಿ ಹೊಳೆಯಿತು. ಉಪನ್ಯಾಸದ ಸುದ್ದಿಯ ಜೊತೆ ವಾಟ್ಸಾಪಿಗೆ ಹಾಕಲು ಒಂದು ಚಂದದ ಫೋಟೋ ಇದ್ದರೆ? ಇಬ್ಬರಿಗೂ ಇಳಕಲ್ ಸೀರೆ ಉಡಿಸಿದೆ. "ಅತ್ತೀ, ಇವರಿಗಿ ಉಡಿ ತುಂಬ್ರಿ" ಎಂದೆ. ಅತ್ತೆ ಅಕ್ಕಿ, ಕೊಬ್ಬರಿ, ಅಡಿಕೆ, ಕುಬಸದ ಕಣ ತಂದು ಸೆರಗಿನಲ್ಲಿ ಹಾಕಿ ಹಣೆಗೆ ಕುಂಕುಮ ಹಚ್ಚಿದರು. ಫೋಟೋ ಬಹಳ ಚೆನ್ನಾಗಿ ಬಂತು. ನನ್ನ ಕುತ್ತಿಗೆಗೆ ನಾನೇ ಹಗ್ಗ ಹಾಕಿಕೊಂಡದ್ದು ಆಗ ಗೊತ್ತಾಗಲಿಲ್ಲ.

ಮಂಗಳವಾರ ಬೆಳಿಗ್ಗೆ ಚೀಲ ಹೆಗಲಿಗೇರಿಸಿ ಹೊರಟರೆ ಅತ್ತೆ ಬಾಗಿಲಿಗೆ ಅಡ್ಡ ನಿಂತಿದ್ದರು. "ಎಲ್ಲಿಗಿ ಹೊಂಟೀರಿ?"

"ಸೇಡಂಕ್ಕ ಅತ್ತಿ. ಅಲ್ಲಿಂದ ಇವರು ಹೈದರಾಬಾದಿಗಿ ಹೋಗ್ತಾರ."

"ಇವತ್ತ ಮಂಗಳವಾರ. ನಿನ್ನಿ ಉಡಿ ತುಂಬೀನಿ. ಉಡಿ ತುಂಬಿದ ಮ್ಯಾಲ ಮನಿ ಮಗಳು. ಮಂಗಳವಾರ ಮನಿ ಮಗಳಿಗಿ ಯಾರರೆ ಕಳಸ್ತಾರೇನು?"

"ಅತ್ತೀ, ಅದು ಬರೇ ಫೋಟೋದ ಸಲುವಾಗಿರಿ!"

"ಫೋಟೋದಾಗಿನ ಅಕ್ಕಿ ಖರೇ ಅಕ್ಕಿ ಇದ್ದವೋ ಇಲ್ಲೋ?"

ಸಹಾಯಕ್ಕಾಗಿ ಗಂಡನ ಕಡೆ ನೋಡಿದೆ. ಅವರು ರೈಲ್ವೆಯವರು, ಕೆಂಪು ಸಿಗ್ನಲ್ ಕಂಡರೆ ನಿಂತು ಅಭ್ಯಾಸ. ಪೇಪರಿನ ಹಿಂದೆ ಮರೆಯಾದರು. ಗಡಿಯಾರ ಎಂಟೂವರೆ ತೋರಿಸುತ್ತಿತ್ತು. ನಾಚಿಕೆಯಿಂದ ಹುಡುಗಿಯರಿಗೆ ಇಂಗ್ಲಿಷಿನಲ್ಲಿ, "ಹಳೆಯ ಕಾಲದವರು, ಮೂಢನಂಬಿಕೆ, ದಯವಿಟ್ಟು ಕ್ಷಮಿಸಿ" ಎಂದೆಲ್ಲ ತೊದಲಿದೆ. ಅತ್ತೆಗೆ ನನ್ನ ಇಂಗ್ಲಿಷಿನ ಮೇಲೆ ನಂಬಿಕೆ ಬರಲಿಲ್ಲ. ನನ್ನನ್ನು ಪಕ್ಕಕ್ಕೆ ಸರಿಸಿ, ತಾವೇ ಬೆರಳು ಮಡಚುತ್ತ ನೇರವಾಗಿ ಅವರಿಗೇ ತಿಳಿಸಿ ಹೇಳತೊಡಗಿದರು. "ನೋಡ್ರವ್ವ, ಆದಿತ್ಯ, ಸೋಮ, ಅಂಗಾರಕ. ಇವತ್ತ ಅಂಗಾರಕನ ದಿನ."

ಮಾಲಿ ಚೀಲ ಕೆಳಗಿಟ್ಟಳು. "ಆತಿತ್," ಎಂದಳು ಮೆಲ್ಲಗೆ, "ಚನ್, ಅಂಗ್‌ಖಾನ್!" ಪಕ್ಕದಲ್ಲಿ ಸರನ್ ಬಾಯಿಗೆ ಕೈ ಅಡ್ಡ ಹಿಡಿದಿದ್ದಳು. "ಅದ್ಯಾ, ಸುಮ್ಯಾ, ಅಂಗಾರಗ್!" ಅತ್ತೆಗೆ ಏನೂ ಆಶ್ಚರ್ಯವಾಗಲಿಲ್ಲ. ತಪ್ಪು ಹೇಳುವ ಮಕ್ಕಳಿಗೆ ಹೇಳಿಕೊಡುವಂತೆ ಮುಂದುವರಿಸಿದರು. "ಬುಧ." ಒಬ್ಬಳು 'ಫುತ್' ಎಂದಳು, ಒಬ್ಬಳು 'ಬುದ್' ಎಂದಳು. "ಬೃಹಸ್ಪತಿ." 'ಫರುಹತ್ಸಬೋದಿ' ಎಂದಳು ಮಾಲಿ, 'ಬರ್ಹಸ್ಬದ್' ಎಂದಳು ಸರನ್. ಶುಕ್ರನಿಗೆ 'ಸುಕ್', 'ಸುಗರ್'. ಶನಿಯ ಹೊತ್ತಿಗೆ ಮೂವರೂ ಒಬ್ಬರ ಕೈ ಒಬ್ಬರು ಹಿಡಿದು ನಗುತ್ತಿದ್ದರು. ಇವು ತಮ್ಮ ವಾರಗಳೆಂದಳು ಮಾಲಿ. ಮಂಗೋಲಿಯಾದಲ್ಲಿ ಈಗ ಒಂದನೇ ದಿನ, ಎರಡನೇ ದಿನ ಎಂದು ಎಣಿಸುತ್ತಾರೆ, ಇವು ತನ್ನ ಅಜ್ಜಿ ಹೇಳುತ್ತಿದ್ದ ಹೆಸರುಗಳು, ಗ್ರಹಗಳಿಗೆ ಇಂದಿಗೂ ಇವೇ ಹೆಸರು ಎಂದಳು ಸರನ್.

ನನಗೆ ಮೈ ಜುಂ ಎಂದಿತು. ಸುಳ್ಳು ಹೇಳುವುದಿಲ್ಲ, ಕಣ್ಣಲ್ಲಿ ನೀರು ಬಂತು. ಈ ಏಳು ಹೆಸರುಗಳು ಕನ್ನಡದ ಸ್ವಂತ ಆಸ್ತಿಯಲ್ಲ, ಸಂಸ್ಕೃತದವು; ಮಾಲಿಯ 'ಚನ್' ಕೂಡ ಚಂದ್ರನೇ. ಮೂವರೂ ಒಂದೇ ಮನೆಯಿಂದ ತಂದ ಹೆಪ್ಪು. ಆದರೆ ಯಾವ ಪುಣ್ಯಾತ್ಮರು ಯಾವ ಕಾಲದಲ್ಲಿ ಇವನ್ನು ಒಂದು ಕಡೆ ಕಡಲು ದಾಟಿಸಿ, ಇನ್ನೊಂದು ಕಡೆ ಹಿಮ ದಾಟಿಸಿ ಒಯ್ದರೋ! ವ್ಯಾಕರಣದಲ್ಲಿ ಒಂದಕ್ಕೊಂದು ಮುಖ ನೋಡದ ಎರಡು ಭಾಷೆಗಳು, ವಾಡಿಯ ನನ್ನ ಮನೆಯ ಬಾಗಿಲಲ್ಲಿ ಅತ್ತೆಯ ಬೆರಳು ಹಿಡಿದು ವಾರ ಎಣಿಸುತ್ತಿದ್ದವು. ನನ್ನ ಬಗಲಲ್ಲಿ ಹದಿನಾಲ್ಕು ಪುಟ ಸುಮ್ಮನೆ ಬೆವರುತ್ತಿದ್ದವು.

ಅಷ್ಟರಲ್ಲಿ ಸರನ್ ಸಂಕೋಚದಿಂದ ಒಂದು ಮಾತು ಹೇಳಿದಳು. ತನ್ನ ಅಜ್ಜಿಯೂ ಮಂಗಳವಾರ ಯಾರನ್ನೂ ಪ್ರಯಾಣಕ್ಕೆ ಬಿಡುತ್ತಿರಲಿಲ್ಲವಂತೆ; ಬೆಳಗಿನಿಂದ ತನಗೂ ಮನಸ್ಸು ಹಿಂಜರಿಯುತ್ತಿತ್ತು, ನಾನು ಬೇಸರ ಮಾಡಿಕೊಂಡೇನೆಂದು ಸುಮ್ಮನಿದ್ದಳಂತೆ. ತಮ್ಮಲ್ಲಿ ಬುಧವಾರ ತಲೆಕೂದಲು ಕತ್ತರಿಸುವುದಿಲ್ಲವೆಂದಳು ಮಾಲಿ. ನಾನು ಕನ್ನಡ ಮಾಡಿ ಹೇಳಿದೆ. "ನಮ್ಮಲ್ಲಿ ಸೋಮವಾರ ಎತ್ತಿನ ಹೆಗಲಿಗಿ ನೊಗ ಇಡಂಗಿಲ್ಲ, ಬಸವಣ್ಣನ ವಾರ" ಎಂದು ಅತ್ತೆ ತಮ್ಮ ಪಾಲಿನದನ್ನೂ ಕೂಡಿಸಿದರು. "ಕುಂದ್ರಿ ಇನ್ನ, ಉಪ್ಪಿಟ್ಟ ಮಾಡ್ತೀನಿ." ಇಬ್ಬರೂ ಚೀಲ ಒಳಗಿಟ್ಟು ಕುಳಿತೇಬಿಟ್ಟರು.

ಪ್ರಾಚಾರ್ಯರಿಗೆ ಫೋನು ಮಾಡಿದೆ. ಉಪನ್ಯಾಸ ಹೋಯಿತು, ಹೆಸರು ಹೋಯಿತು ಎಂದುಕೊಂಡು, ಉಡಿಯಿಂದ ಹಿಡಿದು ಬಾಗಿಲಲ್ಲಿ ವಾರ ಎಣಿಸಿದ್ದರವರೆಗೆ ಎಲ್ಲವನ್ನೂ ಹೇಳಿದೆ. ಅವರು ಕೇಳಿದರು, "ಉಡಿ ತುಂಬೀರೇನ್ರಿ? ಹಂಗಿದ್ರ ಮಂಗಳವಾರ ಹ್ಯಾಂಗ ಕಳಸ್ತೀರಿ? ನನ್ನ ತಪ್ಪದ, ವಾರ ನೋಡ್ದೆ ಇಟ್ಟೀನಿ. ನಾಳಿ ಬರ್ರಿ. ಮತ್ತ ಮೇಡಂ, ಭಾಷಣಕ್ಕ ನಿಮ್ಮ ಅತ್ತಿಯವರಿಗಿ ಕರಕೊಂಡು ಬರ್ರಿ."

ಬುಧವಾರ ಸೇಡಂನಲ್ಲಿ ಅತ್ತೆ ಎಡಬಲಕ್ಕೆ ಇಬ್ಬರು ಹೆಣ್ಣುಮಕ್ಕಳನ್ನು ನಿಲ್ಲಿಸಿಕೊಂಡು, ಬೆರಳು ಮಡಚಿ, ಏಳೇ ಶಬ್ದಗಳ ಉಪನ್ಯಾಸ ಕೊಟ್ಟರು. ಇಡೀ ಸಭೆ ಎದ್ದು ನಿಂತು ಚಪ್ಪಾಳೆ ತಟ್ಟಿತು. ನಾನು ಅವರ ಬಾಯಿಗೆ ಮೈಕು ಹಿಡಿದಿದ್ದೆ. ನನ್ನ ಕೈಗೆ ಬೇರೆ ಕೆಲಸವಿರಲಿಲ್ಲ.

ಹುಡುಗಿಯರನ್ನು ಹೈದರಾಬಾದಿನ ಗಾಡಿ ಹತ್ತಿಸಿ, ನಾವಿಬ್ಬರೂ ವಾಡಿಯ ಗಾಡಿಯಲ್ಲಿ ಕುಳಿತೆವು. "ಇಷ್ಟೆಲ್ಲ ನಿಮಗ ಗೊತ್ತದ ಅಂತ ಒಂದಿನಾನೂ ಹೇಳಲಿಲ್ಲಲ್ರಿ ಅತ್ತಿ" ಎಂದೆ, ಸ್ವಲ್ಪ ಸಿಟ್ಟಿನಿಂದಲೇ.

"ನೀ ಒಂದಿನರೆ ಕೇಳಿದೇನವ್ವ?"

ಸೊಸೆಯಾಗಿ ಬಂದ ಇಪ್ಪತ್ತಾರು ವರ್ಷದಲ್ಲಿ ಅವರನ್ನು ನಾನು ಕೇಳಿದ ಪ್ರಶ್ನೆಗಳನ್ನೆಲ್ಲ ನೆನಪು ಮಾಡಿಕೊಂಡೆ. ಬ್ಯಾಳಿಗೆ ಉಪ್ಪು ಹಾಕೀರಾ? ಗುಳಿಗೆ ನುಂಗೀರಾ? ಕರೆಂಟು ಎಷ್ಟೊತ್ತಿಗೆ ಹೋಯ್ತು? ಇಷ್ಟೇ. ತಲೆ ತಗ್ಗಿಸಿದೆ. ಆಮೇಲೆ ಹದಿನಾಲ್ಕು ಪುಟಗಳನ್ನು ಹಿಂದೆ ತಿರುಗಿಸಿ, ಖಾಲಿ ಬದಿ ಮೇಲೆ ಮಾಡಿ, ಪೆನ್ನು ತೆಗೆದು ಸರಿದು ಕುಳಿತೆ. "ಅತ್ತೀ, ಇನ್ನೇನೇನು ಗೊತ್ತದರಿ ನಿಮಗ? ಹೇಳ್ರಿ, ಬರಕೋತೀನಿ."

ಅತ್ತೆ ಕಿಟಕಿಗೆ ತಲೆ ಆನಿಸಿ ಕಣ್ಣು ಮುಚ್ಚಿದರು. "ಬೃಹಸ್ಪತಿವಾರ ಬಾ. ಇವತ್ತ ಭಾಷಣ ಮಾಡಿ ಭಾಳ ದಣದೀನಿ."