ದೊಡ್ಡರಂಗಯ್ಯನವರ ಕಡೇ ಮಾತು

ಎಲ್ಲಕ್ಕೂ ಮೂಲ ಒಂದು ನಾಟಿ ಕೋಳಿ. ಆ ಭಾನುವಾರ ಬೆಳಗ್ಗೆ ಅದು ಗಂಗಾಂಬಿಕಾಳ ಕೈಗೆ ಸಿಗದೆ ಕಾಂಪೌಂಡು ಹಾರಿ ಓಡಿಹೋಗಿದ್ದರೆ ಅವಳ ಗಂಡ ಮುತ್ತುರಾಜು ಇವತ್ತಿಗೂ ಶಿರಾ ಪೇಟೆಯಲ್ಲಿ ತನ್ನ ಲಗೇಜ್ ಆಟೊ ಓಡಿಸಿಕೊಂಡು, ಟೊಮೆಟೊ ಕ್ರೇಟು ಹೇರಿಕೊಂಡು ನೆಮ್ಮದಿಯಾಗಿರುತ್ತಿದ್ದ. ಹಾಳಾದ್ದು, ಕೋಳಿ ಸಿಕ್ಕಿತು. ಸಾರಾಯಿತು. ಆ ಸಾರು ಉಣ್ಣಲು ಮಗಳ ಫೋನು ಮುಟ್ಟಿದ್ದೇ ಮಧುಗಿರಿಯಿಂದ ಸಿಕ್ಕ ಬಸ್ಸಿಗೆ, ತಲೆ ಮೇಲೆ ಟವೆಲ್ ಹೊದ್ದುಕೊಂಡು ಮಾವ ದೊಡ್ಡರಂಗಯ್ಯ ಬಂದಿಳಿದರು.

ಟವೆಲ್ ಯಾಕಪ್ಪಾ ಅಂದರೆ, ದೊಡ್ಡರಂಗಯ್ಯ ಮಧುಗಿರಿ ಜಿಲ್ಲಾ ಹೋರಾಟ ಸಮಿತಿಯ ಅಧ್ಯಕ್ಷರು. ಹೊಸ ಜಿಲ್ಲೆ ಅಂತ ಒಂದಾದರೆ ಅದು ಮಧುಗಿರಿಯೇ ಆಗಬೇಕು ಅಂತ ಆ ಊರು, ಶಿರಾನೇ ಆಗಬೇಕು ಅಂತ ಈ ಊರು ಹಗ್ಗಜಗ್ಗಾಟಕ್ಕೆ ಬಿದ್ದು ಎಷ್ಟೋ ಕಾಲವಾಗಿತ್ತು. ಅವರು ನಮ್ಮ ಬೆಟ್ಟ ನೋಡಿ ಅನ್ನೋರು, ಇವರು ನಮ್ಮ ಹೈವೇ ನೋಡಿ ಅನ್ನೋರು. ಪಕ್ಕದ ತಾಲ್ಲೂಕಿನ ಕೊರಟಗೆರೆಯವರು ಇಬ್ಬರ ಸಭೆಗೂ ಹೋಗಿ ಕಾಫಿ ಕುಡಿದು ಬರುತ್ತಿದ್ದರು. ಆಂಧ್ರದ ಗಡಿಯಲ್ಲಿರುವ ಪಾವಗಡದವರನ್ನು ಯಾರೂ ಏನೂ ಕೇಳಿರಲಿಲ್ಲ. ಹಿಂದಿನ ತಿಂಗಳು ತಾನೆ ದೊಡ್ಡರಂಗಯ್ಯ ವೇದಿಕೆ ಹತ್ತಿ, "ಸಿರಾದ ನೀರು ನನ್ ಗಂಟ್ಲಾಗೆ ಇಳುದ್ರೆ ನಾನು ಮಧುಗಿರಿ ಮಣ್ಣಿನ ಮಗನೇ ಅಲ್ಲ!" ಅಂತ ಮೈಕು ಹರಿಯುವಂತೆ ಕೂಗಿದ್ದರು.

ಮಾತಿಗೆ ತಪ್ಪುವ ಮನುಷ್ಯರಲ್ಲ. ಮಗಳ ಮನೆಯಲ್ಲಿ ನೀರು ಮುಟ್ಟಲೇ ಇಲ್ಲ, ಸಾರನ್ನೇ ಬಟ್ಟಲೆತ್ತಿ ಕುಡಿದರು. ಎರಡು ಮುದ್ದೆ ನುಂಗಿದರು. "ಇನ್ನೊಂದು ತುಂಡು ಐತೇನವ್ವ?" ಅಂತ ಕೇಳಿ ಅದನ್ನೂ ತಿಂದು, ನಡುಮನೆಯ ಮಂಚದ ಮೇಲೆ ಒರಗಿ ಒಂದು ದೊಡ್ಡ ತೇಗು ಬಿಟ್ಟರು. ಮಧ್ಯಾಹ್ನ ಎಲೆಅಡಿಕೆ ಕೊಡಲು ಗಂಗಾಂಬಿಕಾ ಎಬ್ಬಿಸಿದಾಗ ಏಳಲಿಲ್ಲ. ಮುತ್ತುರಾಜು ಮೂಗಿನ ಹತ್ತಿರ ಬೆರಳಿಟ್ಟು ನೋಡಿದ. ಮೈ ಆಗಲೇ ತಣ್ಣಗಾಗಿತ್ತು.

ಗಂಗಾಂಬಿಕಾ ಬಾಯಿಗೆ ಸೆರಗು ತುರುಕಿಕೊಂಡು ಅತ್ತಳು. "ನಮ್ಮಪ್ಪ ಸತ್ರೆ ಜೋರಾಗಿ ಅಳಂಗೂ ಇಲ್ಲವಲ್ರೀ! ಇಲ್ಲಿಗೆ ಬಂದಿದ್ದು ಗೊತ್ತಾದ್ರೆ ಎರಡೂ ಊರೋರು ಸೇರ್ಕಂಡು ಮರ್ಯಾದೆ ಕಳೀತಾರೆ."

"ಸುಮ್ಕಿರು, ಏನಾರ ಮಾಡಾನ."

"ಏನಾರ ಅಲ್ಲ. ಅವ್ವ ಸಾಯೋವಾಗ ನನ್ ಕೈ ಹಿಡ್ಕಂಡು ಮಾತು ಇಸ್ಕಂಡವ್ಳೆ, ನಿಮ್ಮಪ್ಪನ್ನ ನನ್ ಮಗ್ಗುಲಾಗೇ ಮಲಗ್ಸು ಅಂತ. ಹೊತ್ತು ಮುಳುಗೋದ್ರೊಳಗೆ ಮಧುಗಿರಿ ಹೊಲ್ದಾಗೆ ಮಣ್ಣಾಗ್ಬೇಕು. ಗಂಡುಮಕ್ಳಿಲ್ದೋರು ಕಣ್ರೀ, ನೀವೇ ಮಗ. ಆಗ್ತೈತಾ ಇಲ್ವಾ?"

"ಆಗ್ತೈತೆ" ಅಂದ ಮುತ್ತುರಾಜು. ಹುಟ್ಟಿದಾಗಿನಿಂದ ಯಾರಿಗೂ ಆಗಲ್ಲ ಅಂದವನಲ್ಲ, ಅದಕ್ಕೇ ಅವನ ಬಾಳು ಹಾಗಿತ್ತು. ಮಧುಗಿರಿಯಲ್ಲಿ ಮಾವನ ಹೊಲದ ಪಕ್ಕದವನಾದ ಜುಂಜಪ್ಪನಿಗೆ ಫೋನು ಮಾಡಿ, ಯಾರಿಗೂ ಉಸಿರೆತ್ತದೆ ಅತ್ತೆಯ ಸಮಾಧಿ ಮಗ್ಗುಲಲ್ಲಿ ಗುಂಡಿ ತೋಡಲು ಹೇಳಿದ.

ಫೋನಿಡುವಷ್ಟರಲ್ಲಿ ಎದುರು ಮನೆಯ ಓಬಳಮ್ಮ ಬಟ್ಟಲು ಹಿಡಿದು ಒಳಕ್ಕೆ ಬಂದಳು. "ಗಂಗವ್ವಾ, ಘಮ ಅನ್ನಂಗೆ ವಾಸ್ನೆ ಬರ್ತೈತೆ, ಒಂದೀಟು ಸಾರು ಬಿಡವ್ವ. ಯಾರಿದು ಮನಿಕಂಡಿರೋದು? ಪೇಪರ್‌ನಾಗೆ ಬರ್ತಾರಲ್ಲ, ನಮ್ಮೂರ್ನ ಬಯ್ಯೋರು..." ಹತ್ತಿರ ಹೋಗಿ ಬಗ್ಗಿ ನೋಡಿದಳು. ಬಟ್ಟಲು ಕೈಬಿಟ್ಟಿತು. "ಅಯ್ಯಯ್ಯಪ್ಪೋ! ಮಧುಗಿರಿ ಅಧ್ಯಕ್ಸರು ನಮ್ ಬೀದೀಗ್ ಬಂದು ಸತ್ತೋಗವ್ರೆ ಬರ್ರಪ್ಪೋ!"

ಬೀದಿಯೆಲ್ಲ ಬಂತು. ಬೀದಿಯ ಹಿಂದೆ ಹಾಲೇಶ್ ಬಂದ. ಸಿಮೆಂಟು ಅಂಗಡಿಯ ಹಾಲೇಶ್, ಶಿರಾ ಜಿಲ್ಲಾ ಹೋರಾಟ ಸಮಿತಿಯ ಅಧ್ಯಕ್ಷ. ಚಪ್ಪಲಿ ಬಿಟ್ಟು, ಕೈಮುಗಿದು, ನಿಜವಾಗಿಯೂ ಕಣ್ಣೀರು ಹಾಕಿದ.

"ಎದುರಾಳಿ ಅಂದ್ರೆ ಇವ್ರು ಕಣ್ಲಾ ಮುತ್ತ. ಇವ್ರು ಬಯ್ದಂಗೆ ನಮ್ಮೂರ್ನ ಇನ್ಯಾರೂ ಬಯ್ಯಾಕಾಗಾಕಿಲ್ಲ. ಇನ್ಮ್ಯಾಕೆ ನಾನು ಯಾರ ಜೊತೆ ಜಗಳ ಆಡ್ಲಿ?" ಅಂತ ಕಣ್ಣೊರೆಸಿಕೊಂಡವನ ದೃಷ್ಟಿ ಮಂಚದ ಕೆಳಗಿನ ತಟ್ಟೆಗೆ ಬಿತ್ತು. ತಟ್ಟೆ ತುಂಬ ಮೂಳೆ. ಹಾಲೇಶನ ಮುಖ ನಿಧಾನಕ್ಕೆ ಅರಳಿತು.

"ಲೇ, ಇವ್ರು ಸಿರಾದ ಸಾರು ಉಂಡು, ಸಿರಾದ ಗಾಳಿ ಕುಡ್ದು, ಸಿರಾದಾಗೇ ಪ್ರಾಣ ಬಿಟ್ಟವ್ರೆ. ಇದಕ್ಕಿಂತ ಸಾಕ್ಸಿ ಬೇಕೇನ್ಲಾ ಸರ್ಕಾರಕ್ಕೆ? ಸರ್ಕಲ್‌ನಾಗೆ ಪೆಂಡಾಲ್ ಹಾಕ್ಸಾನ. ಫ್ಲೆಕ್ಸ್ ಹೊಡ್ಸಾನ. ನಮ್ಮೂರ ಸ್ಮಸಾನದಾಗೇ ಗೌರವವಾಗಿ ಮಣ್ಣು ಮಾಡಾನ. ನಮ್ಮೂರಿಗ್ ಬಂದ್ಮ್ಯಾಕೆ ನಮ್ಮೋರೇ ಬುಡು!"

ಯಾರೋ ತಂದ ಶಿರಾ ಸಮಿತಿಯ ಶಾಲನ್ನು ಹೆಣದ ಎದೆ ಮೇಲೆ ಹೊದಿಸಿದ. ಪಕ್ಕದಲ್ಲಿ ನಿಂತು ಫೋಟೊ ತೆಗೆಸಿಕೊಂಡ. ಆ ಫೋಟೊ, ಮೂಳೆ ತಟ್ಟೆಯ ಸುದ್ದಿಯ ಸಮೇತ, ನೇರ ಮಧುಗಿರಿ ಸಮಿತಿಯ ಕಾರ್ಯದರ್ಶಿ ನರಸಿಂಹರಾಜುವಿನ ವಾಟ್ಸಾಪಿಗೆ ಹೋಯಿತು.

ಗಂಗಾಂಬಿಕಾ ಗಂಡನನ್ನು ನೋಡಿದಳು. ನೋಟ ಅಂದರೆ ಅಂಥಿಂಥ ನೋಟವಲ್ಲ. ಮುತ್ತುರಾಜು ಗಂಟಲು ಸರಿಮಾಡಿಕೊಂಡು, "ಹಾಲೇಶಣ್ಣ, ಪೆಂಡಾಲ್ ಆಗೋದ್ರೊಳಗೆ ಮೈ ತೊಳ್ಸಿ ಸಿಂಗಾರ ಮಾಡಿರ್ತೀವಿ. ನೆಂಟರಲ್ದೋರು ನೋಡಂಗಿಲ್ಲ ನಮ್ಮಾಗೆ" ಅಂದ. ಹಾಲೇಶ್ ಒಪ್ಪಿ, ಜನವನ್ನು ಕರೆದುಕೊಂಡು ಸರ್ಕಲ್ ಕಡೆ ಹೊರಟ.

ಹಿತ್ತಲ ಬಾಗಿಲಿಗೆ ಆಟೊ ಬಂತು. ದೊಡ್ಡರಂಗಯ್ಯ ಬದುಕಿದ್ದಾಗಲೇ ಭಾರದ ಆಳು, ಸತ್ತ ಮೇಲೆ ಮೇಲೆತ್ತುವುದು ಗಂಡಹೆಂಡಿರಿಬ್ಬರಿಗೆ ಸಾಧ್ಯವೇ ಇರಲಿಲ್ಲ. ಇಷ್ಟು ದಿನ ಬಟ್ಟಲು ಹಿಡಿದು ಬಂದು ಉಂಡ ಸಾರಿನ ಋಣಕ್ಕೋ ಏನೋ, ಓಬಳಮ್ಮನೇ ಬಂದು ಕಾಲು ಹಿಡಿದಳು. ಗದ್ದ ಕಟ್ಟಿ, ಕಾಲ ಹೆಬ್ಬೆರಳು ಕಟ್ಟಿ, ಕಂಬಳಿ ಹೊದಿಸಿ, ಸುತ್ತ ಖಾಲಿ ಕ್ರೇಟು ಜೋಡಿಸಿದರು. ಗಂಗಾಂಬಿಕಾ ತಂದೆಯ ತಲೆಯನ್ನು ತೊಡೆ ಮೇಲಿಟ್ಟುಕೊಂಡು ಹಿಂದೆ ಕೂತಳು. ರಸ್ತೆಯ ಗುಂಡಿಗೆ ಆಟೊ ಎಗರಿದಾಗಲೆಲ್ಲ, "ನಿಧಾನಕ್ಕೆ ಹೋಗ್ರೀ, ಅಪ್ಪಂಗೆ ನೋವಾಗ್ತೈತೆ" ಅಂತ ಅಳುತ್ತಿದ್ದಳು. ಅದನ್ನು ಕೇಳಿ ಮುತ್ತುರಾಜುವಿಗೂ ಅಳು ಬಂತು. ಮಾವ ಅವನನ್ನು ಒಂದು ದಿನವೂ ಮರ್ಯಾದೆಯಿಂದ ಕರೆದವರಲ್ಲ, ಆದರೂ ಅಳು ಬಂತು.

ಶಿರಾ ತಾಲ್ಲೂಕು ಮುಗಿದು ಮಧುಗಿರಿ ತಾಲ್ಲೂಕಿನ ಬೋರ್ಡು ಕಾಣುವ ಹೊತ್ತಿಗೆ ಹಿಂದೆ ಬೈಕುಗಳ ಸದ್ದು ಕೇಳಿಸಿತು. ಹಾಲೇಶನ ಪಡೆ. ಸದ್ಯ, ಇನ್ನೊಂದು ಫರ್ಲಾಂಗು ದಾಟಿದರೆ ಮಾವನ ತಾಲ್ಲೂಕು ಅಂದುಕೊಂಡು ಮುತ್ತುರಾಜು ಮುಂದೆ ನೋಡಿದ. ಹೆಣ ಬರುವ ಸುದ್ದಿ ಮುಟ್ಟಿ, ಬೋರ್ಡಿನ ಕೆಳಗೆ ಮಧುಗಿರಿಯ ಪಡೆ ರಸ್ತೆಗೆ ಅಡ್ಡ ನಿಂತಿತ್ತು. ನಡುವೆ ನರಸಿಂಹರಾಜು, ಕೈಯಲ್ಲಿ ಮೊಬೈಲು, ಮೊಬೈಲಿನಲ್ಲಿ ಆ ಫೋಟೊ.

"ಎಲ್ಲಿಗ್ಲಾ ತರ್ತಿದೀಯ ಅದನ್ನ?" ಅಂದ ನರಸಿಂಹರಾಜು. "ಸಿರಾದ ಸಾಲು ಹೊದ್ದೋನು, ಸಿರಾದ ಕೋಳಿ ತಿಂದೋನು ನಮ್ ಅಧ್ಯಕ್ಸನಾ? ನಮ್ ಮಣ್ಣು ಕೊಡಾಕಿಲ್ಲ. ವಾಪಸ್ ತಗಂಡೋಗು."

"ಕೊಡ್ರಲಾ ನಮ್ಗೆ! ಪೆಂಡಾಲ್ ಹಾಕ್ಸಿವ್ನಿ!" ಅಂತ ಹಿಂದಿನಿಂದ ಹಾಲೇಶ್ ಕೂಗಿದ.

"ತಗಳ್ರಲಾ, ನಿಮ್ಮೂರಾಗೆ ಬೇರೆ ಯಾರೂ ದೊಡ್ಮನುಸ್ರಿಲ್ಲ, ಹೆಣನಾರ ಇಟ್ಕಳ್ರಿ!"

"ನಿಮ್ಮೂರಾಗೆ ಕೋಳಿ ಸಾರು ಮಾಡೋರಿಲ್ದೆ ತಾನೆ ಮುದುಕಪ್ಪ ನಮ್ಮೂರಿಗೆ ಬಂದಿದ್ದು!"

ಕಲ್ಲು ಇನ್ನೂ ನೆಲದ ಮೇಲಿದ್ದವು, ಕಣ್ಣು ಮಾತ್ರ ಅವುಗಳ ಮೇಲಿದ್ದವು. ನಡುವೆ ಸಿಕ್ಕಿಕೊಂಡ ಪಾವಗಡದ ಲಾರಿ ಡ್ರೈವರೊಬ್ಬ ತಲೆ ಹೊರಗೆ ಹಾಕಿ, "ಏಮಯ್ಯಾ, ಶವ ಮುಂದಿಟ್ಕೊಂಡು ಜಗಳಾನಾ? ಯಾವೂರ್ನಾದ್ರೂ ಜಿಲ್ಲಾ ಮಾಡ್ಕೊಳ್ರಿ, ಮಾಕು ಯಾವ್ದಾದ್ರೂ ದೂರಮೇ. ದಾರಿ ಬಿಡಂಡಿ!" ಅಂತ ಗೋಗರೆದ. ಎರಡೂ ಕಡೆಯವರು ಒಂದಾಗಿ ಅವನನ್ನು ಬಯ್ದರು. ಆವತ್ತು ಅವರು ಒಂದಾಗಿದ್ದು ಅಷ್ಟೇ.

ಗಂಗಾಂಬಿಕಾ ಕ್ರೇಟುಗಳ ಮಧ್ಯೆ ಎದ್ದು ನಿಂತು ಕೈಜೋಡಿಸಿದಳು. "ಅಣ್ಣಾ, ಇದೇ ಊರಿಗೋಸ್ಕರ ಜೀವ ತೇದವ್ರು. ಒಂದು ಹಿಡಿ ಮಣ್ಣು ಇಲ್ಲ ಅಂತೀರಲ್ಲ, ನಿಮ್ ಹೊಟ್ಟೇಲಿ ಕರುಳಿಲ್ವಾ?"

"ಅಂಗಾರೆ ಅವ್ರು ಸಿರಾಕ್ ಯಾಕ್ ಹೋಗಿದ್ರು? ಅದನ್ನ ಹೇಳಮ್ಮ ಮೊದ್ಲು."

ಗಂಗಾಂಬಿಕಾ ಗಂಡನ ಕಡೆ ತಿರುಗಿದಳು. ಹೊತ್ತು ಬೇರೆ ಇಳಿಯುತ್ತಿತ್ತು. ಆಗ ಮುತ್ತುರಾಜು, ತನ್ನ ಜೀವಮಾನದಲ್ಲಿ ಇಬ್ಬರೆದುರು ಜೋರಾಗಿ ಮಾತಾಡದ ಮುತ್ತುರಾಜು, ಆಟೊದ ಮುಂದಿನ ಚಕ್ರದ ಮೇಲೆ ಕಾಲಿಟ್ಟು ಎದ್ದು ನಿಂತ.

"ನನ್ನ ಬಯ್ಯಾಕೆ ಬಂದಿದ್ರು! ಸಿರಾದಾಗೆ ಯಾಕಿದೀಯಲಾ, ನಡಿ ಮಧುಗಿರಿಗೆ ಅಂತ ಮನೆ ಬಾಗ್ಲಾಗೇ ಉಗುದ್ರು. ನೀರು ಕೊಟ್ರೆ ಕುಡೀಲಿಲ್ಲ. ಬಯ್ತಾ ಬಯ್ತಾನೇ ಎದೆ ಹಿಡ್ಕಂಡು ಬಿದ್ರು. ಸಾಲು ಇವ್ರು ಆಮ್ಯಾಕೆ ಹೊದ್ಸಿದ್ದು."

"ಸುಳ್ಳು! ಮೂಳೆ ನಾನೇ ನೋಡಿವ್ನಿ!" ಅಂದ ಹಾಲೇಶ್.

ನರಸಿಂಹರಾಜು ಆಟೊ ಹತ್ತಿದ. ಕಂಬಳಿ ಸರಿಸಿ, ಬಗ್ಗಿ, ಸತ್ತವರ ಮೀಸೆಯನ್ನು ಮೂಸಿದ. ಎರಡು ಊರೂ ಉಸಿರು ಬಿಗಿ ಹಿಡಿದು ನೋಡುತ್ತಿದ್ದವು. "ಮಸಾಲೆ ವಾಸ್ನೆ ಬರ್ತೈತೆ" ಅಂದ.

"ನನ್ ಸೀರೇದಣ್ಣಾ," ಅಂದಳು ಗಂಗಾಂಬಿಕಾ. "ಅಪ್ಪನ ತಲೆ ನನ್ ತೊಡೆ ಮ್ಯಾಲಿತ್ತು."

ನರಸಿಂಹರಾಜು ಇನ್ನೂ ಅನುಮಾನದಲ್ಲಿದ್ದ. "ಕಡೇದಾಗಿ ಏನಾರ ಅಂದ್ರಾ?"

ಅಲ್ಲಿಗೆ ನಿಲ್ಲಿಸಿದ್ದರೆ ಆಗುತ್ತಿತ್ತು. ಏನೂ ಅನ್ನಲಿಲ್ಲ ಅಂದಿದ್ದರೆ ಮುಗಿಯುತ್ತಿತ್ತು. ಆದರೆ ಮುತ್ತುರಾಜುವಿಗೆ ಜನರೆಲ್ಲ ತನ್ನ ಮಾತು ಕೇಳುತ್ತಿರುವುದು ಅದೇ ಮೊದಲು. ಬಾಯಿಗೆ ಬಂದದ್ದು ಬಂದೇಬಿಟ್ಟಿತು.

"ಅಂದ್ರು ಕಣಣ್ಣೋ! ನನ್ ಕೈ ಗಟ್ಟಿಯಾಗ್ ಹಿಡ್ಕಂಡು, ಮಧುಗಿರಿ ಜಿಲ್ಲೆ ಆಗೋ ತನಕ ನಾನು ಮಣ್ಣಿಗೋಗಾಕಿಲ್ಲ ಕಣ್ಲಾ ಅಂದ್ರು. ಅಷ್ಟೇ. ಪ್ರಾಣ ಹೋಯ್ತು."

ನರಸಿಂಹರಾಜು ಮಗುವಿನಂತೆ ಗೊಳೋ ಅಂತ ಅತ್ತು ಹೆಣದ ಪಾದ ಹಿಡಿದುಕೊಂಡ. "ದೊಡ್ಡರಂಗಣ್ಣಾ, ನಿನ್ನ ಅನುಮಾನಿಸ್ಬುಟ್ನಲ್ಲಾ!" ಜೈಕಾರ ಎದ್ದಿತು. ಶಿರಾದ ಶಾಲು ಮೋರಿಗೆ ಬಿತ್ತು, ಮಧುಗಿರಿಯ ಶಾಲು ಬಂತು. ಹಾಲೇಶನ ಪಡೆ ತಲೆತಗ್ಗಿಸಿ ಹಿಂದಕ್ಕೆ ಹೋಯಿತು. ಬಡವನಹಳ್ಳಿ ದಾಟುವಾಗ ಮೆರವಣಿಗೆಗೆ ತಮಟೆ ಸೇರಿತು, ಜನ ಸೇರಿದರು, ದಾರಿಯುದ್ದಕ್ಕೂ ಮಂಡಕ್ಕಿ ಎರಚಿದರು.

ಮುತ್ತುರಾಜು ಹಿಂದೆ ತಿರುಗಿ ಹೆಂಡತಿಯನ್ನು ನೋಡಿದ. ಎಷ್ಟೋ ವರ್ಷದ ಮೇಲೆ ಅವಳು ಅವನನ್ನು ಮೆಚ್ಚಿ ನೋಡಿದಳು. "ಗಂಡಸು ಕಣ್ರೀ ನೀವು" ಅಂದಳು. ಹೊತ್ತು ಇನ್ನೂ ಒಂದು ಮಾರು ಮೇಲಿತ್ತು. ಊರಿಗೆ ಮುಂಚೆಯೇ ಮಾವನ ಹೊಲ, ಅತ್ತೆಯ ಸಮಾಧಿ, ಪಕ್ಕದಲ್ಲಿ ಹಸಿ ಮಣ್ಣಿನ ಗುಡ್ಡೆ. ಗುದ್ದಲಿ ಊರಿಕೊಂಡು ನಿಂತಿದ್ದ ಜುಂಜಪ್ಪ ದೂರದಿಂದಲೇ ಕೈಯೆತ್ತಿದ.

ಮೆರವಣಿಗೆ ಹೊಲದ ಕಡೆ ತಿರುಗಲಿಲ್ಲ.

"ನರಸಿಂಹರಾಜಣ್ಣ, ಹೊಲ ಇತ್ಲಾಗೈತೆ!" ಅಂತ ಮುತ್ತುರಾಜು ಕೂಗಿದ. ತಮಟೆ ಸದ್ದಿನಲ್ಲಿ ಯಾರಿಗೂ ಕೇಳಿಸಲಿಲ್ಲ. ಊರಿನ ನಡುವಿನ ಸರ್ಕಲ್ಲಿನಲ್ಲಿ ಆಗಲೇ ಶಾಮಿಯಾನ ಎದ್ದಿತ್ತು. ಅದರ ಕೆಳಗೆ ಗಾಜಿನ ಮುಚ್ಚಳದ ಫ್ರೀಜರ್ ಪೆಟ್ಟಿಗೆ ಗುಂಯ್ ಅನ್ನುತ್ತಿತ್ತು. ದೊಡ್ಡರಂಗಯ್ಯನವರನ್ನು ಹೂವಿನಂತೆ ಎತ್ತಿ ಅದರೊಳಗೆ ಮಲಗಿಸಿದರು. ನರಸಿಂಹರಾಜು ಮೈಕು ಹಿಡಿದ.

"ಬಂಧುಗಳೇ! ನಮ್ ಅಧ್ಯಕ್ಸರ ಕಡೇ ಮಾತು ಕೇಳಿದೀರ. ಜಿಲ್ಲೆ ಆಗೋ ತನಕ ನಾನು ಮಣ್ಣಿಗೋಗಾಕಿಲ್ಲ ಅಂದವ್ರೆ. ಅವ್ರ ಮಾತ್ನ ನಾವು ಮೀರಾಕಿಲ್ಲ! ಸರ್ಕಾರ ಜಿಲ್ಲೆ ಅಂತ ಸಾರ್ಲಿ, ಆವತ್ತು ಮಣ್ಣು ಮಾಡಾನ. ಅಲ್ಲೀಗಂಟ ಈ ಪೆಟ್ಗೆ ಇಲ್ಲಿಂದ ಅಳ್ಳಾಡಾಕಿಲ್ಲ!"

ಚಪ್ಪಾಳೆಗೆ ಶಾಮಿಯಾನ ಹಾರಿಹೋಗುವಂತಾಯಿತು. ಮುತ್ತುರಾಜು ನರಸಿಂಹರಾಜುವಿನ ತೋಳು ಹಿಡಿದ. "ಅಣ್ಣ, ಅದು... ಏನೋ ಮಾತಿಗಂದಿದ್ದು..." ಅಂದ.

ನರಸಿಂಹರಾಜು ಮೈಕಿಗೆ ಕೈ ಅಡ್ಡ ಹಿಡಿದು ಮೆಲ್ಲಗೆ ಕೇಳಿದ. "ಅಂದಿದ್ದು ನಿಜ ತಾನೇ? ಸುಳ್ಳಾದ್ರೆ ಈಗ್ಲೇ ಹೇಳ್ಬುಡು. ಆ ಕೋಳಿ ವಿಸ್ಯ ನಿಜ ಅಂತಾಗ್ತೈತೆ. ಆಗ ಈ ಊರಾಗೆ ಅವ್ರಿಗೆ ಮಣ್ಣಂತೂ ಇಲ್ಲ, ಈ ಪೆಟ್ಗೇನೂ ಇಲ್ಲ."

"ನಿಜ ಕಣಣ್ಣ" ಅಂದ ಮುತ್ತುರಾಜು. ಮೈಕು ಕೊಟ್ಟರು. ಮೈಕಿನಲ್ಲೂ ಇನ್ನೊಂದು ಸಲ ನಿಜ ಅಂದ.

ಅಷ್ಟರಲ್ಲಿ ಹಾಲೇಶನ ಫೋನು ಬಂತು. "ಏನ್ಲಾ, ಹೆಣ ಇಟ್ಕಂಡು ಜಿಲ್ಲೆ ಕೇಳ್ತಾರಂತೆ? ನಾನು ಉಸ್ರಾಡೋ ತನಕ ನಿಮ್ಮೂರ್ನ ಜಿಲ್ಲೆ ಆಗಾಕ್ ಬುಡಾಕಿಲ್ಲ, ನಿಮ್ಮಾವ ಅಲ್ಲೇ ಇರ್ಲಿ! ನಮ್ಮೂರಾಗಾಗಿದ್ರೆ ಇಷ್ಟೊತ್ಗೆ ಮಣ್ಣು ಮಾಡಿ ಹಾಲು ಬಿಟ್ಟಿರ್ತಿದ್ವಿ" ಅಂತ ಹೇಳಿ ಇಟ್ಟ.

ಗಂಗಾಂಬಿಕಾ ಪೆಟ್ಟಿಗೆಯ ಗಾಜಿನ ಮೇಲೆ ಕೈಯಿಟ್ಟುಕೊಂಡು ಕೂತಿದ್ದಳು. ಈಗ ಅಳುತ್ತಿರಲಿಲ್ಲ, ಮುತ್ತುರಾಜುವಿಗೆ ಹೆದರಿಕೆಯಾಗಿದ್ದು ಅದಕ್ಕೇ. ಹೊತ್ತು ಬೆಟ್ಟದ ಹಿಂದಕ್ಕೆ ಇಳಿಯಿತು. ಮತ್ತೆ ಫೋನು. ಈ ಸಲ ಜುಂಜಪ್ಪ. ಮುತ್ತುರಾಜು ಎತ್ತುವ ಮೊದಲೇ ಗಂಗಾಂಬಿಕಾ ಕಿತ್ತುಕೊಂಡು ಸ್ಪೀಕರ್ ಹಾಕಿದಳು.

"ಏನವ್ವಾ, ಎಷ್ಟೊತ್ ಕಾಯ್ಲಿ? ಗುಂಡಿ ತೋಡಾಗೈತೆ. ತೋಡಿದ್ ಗುಂಡೀನ ರಾತ್ರಿ ಬರಿದಾಗಿ ಬಿಡಂಗಿಲ್ಲ ಕಣವ್ವ, ಊರಿಗೇ ಕೇಡು. ಮುಚ್ಚಿಬಿಡ್ಲಾ?"

ಗಂಗಾಂಬಿಕಾ ತಲೆಯೆತ್ತಿ ಗಂಡನನ್ನು ಮೇಲಿಂದ ಕೆಳಗಿನವರೆಗೆ ಒಂದು ಸಲ ಅಳೆದು ನೋಡಿದಳು.

"ಮುಚ್ಬೇಡ ಕಣಪ್ಪ, ಒಂದ್ಗಳ್ಗೆ ತಡಿ" ಅಂದಳು. "ನಮ್ ಯಜಮಾನ್ರನ್ನ ಕಳಿಸ್ಕೊಡ್ತೀನಿ."