ಮಾವನ ಏರ್‌ಗನ್ನಿಗೆ ನಾನು ಮಾಡಿದ ಟ್ಯೂನಿಂಗ್

ಯಂತ್ರಗಳ ವಿಷಯದಲ್ಲಿ ನನಗೆ ಹುಟ್ಟಿನಿಂದಲೇ ಒಂದು ಜ್ಞಾನವಿದೆ ಎಂಬುದು ನನಗೆ ಮೊದಲೇ ಗೊತ್ತಿತ್ತು. ಉಳಿದವರಿಗೆ ಗೊತ್ತಿರಲಿಲ್ಲ, ಅಷ್ಟೆ. ಕಾಲೇಜಿನಲ್ಲಿ ಕನ್ನಡ ಕಲಿಸುವವನು ಸ್ಕ್ರೂಡ್ರೈವರ್ ಹಿಡಿದರೆ ಜನ ಯಾಕೋ ನಗುತ್ತಾರೆ. ಈ ತಪ್ಪು ತಿಳುವಳಿಕೆಯನ್ನು ಹೋಗಲಾಡಿಸುವ ಅವಕಾಶ ಅಜೆಕಾರಿನಲ್ಲಿರುವ ನನ್ನ ಮಾವನ ಮನೆಯಲ್ಲಿ ಒದಗಿ ಬಂತು.

ಮಾವ ಹೈಸ್ಕೂಲಿನ ಡ್ರಿಲ್ ಮಾಸ್ಟ್ರಾಗಿ ನಿವೃತ್ತರಾದವರು. ಮಾತು ಕಡಿಮೆ, ಗುರಿ ಖಚಿತ. ಊರಿನ ಸಂಘದವರು ವರ್ಷಕ್ಕೊಮ್ಮೆ ನಡೆಸುವ ಗುರಿ ಹೊಡೆಯುವ ಸ್ಪರ್ಧೆಯಲ್ಲಿ ಏಳು ವರ್ಷಗಳಿಂದ ಮೊದಲ ಬಹುಮಾನ ಅವರಿಗೇ. ಎಂಟನೆಯ ಕಪ್ಪಿಗಾಗಿ ಶೋಕೇಸಿನಲ್ಲಿ ಜಾಗ ಕೂಡ ಖಾಲಿ ಮಾಡಿಟ್ಟಿದ್ದರು. ಆದರೆ ಅವರ ಹಳೆಯ ಏರ್‌ಗನ್ ಸ್ವಲ್ಪ ಸೊರಗಿತ್ತು.

"ಇತ್ತೀಚೆಗೆ ಗುಂಡು ಒಂದು ನೂಲಿನಷ್ಟು ಎಡಕ್ಕೆ ಹೋಗ್ತದೆ. ಮೊದಲಿನ ವೇಗವೂ ಇಲ್ಲ," ಎಂದರು.

"ಟ್ಯೂನ್ ಮಾಡಬೇಕು ಮಾವ. ನಾನು ಮಾಡಿ ಕೊಡ್ತೇನೆ."

"ಟ್ಯೂನ್ ಮಾಡ್ಲಿಕ್ಕೆ ಅದೆಂತ ಹಾರ್ಮೋನಿಯಮ್ಮಾ?"

ನಾನು ಮುಗುಳ್ನಕ್ಕೆ. ಈ ವಿಷಯದ ಮೇಲೆ ಹನ್ನೊಂದು ವಿಡಿಯೋ ನೋಡಿದವನು ನಗುವ ನಗು ಅದು! ಪಕ್ಕದಲ್ಲಿದ್ದ ನನ್ನ ಹೆಂಡತಿ ಸುಮನಾ ತಂದೆಯ ಕಡೆ ನೋಡಿ ಬೇಡ ಎಂಬಂತೆ ತಲೆಯಾಡಿಸಿದಳು. ಆದರೆ ಅಳಿಯ ಬಾಯಿಬಿಟ್ಟು ಕೇಳಿದ್ದನ್ನು ಇಲ್ಲವೆನ್ನುವುದು ಹೇಗೆ? ಮಾವ ಮಗುವನ್ನು ಬಾಲವಾಡಿಗೆ ಕಳಿಸುವವರಂತೆ ಕೋವಿಯನ್ನು ನನ್ನ ಕೈಗೆ ಕೊಟ್ಟರು.

ಉದ್ಯಾವರದ ನಮ್ಮ ಮನೆಯ ತಾರಸಿಯಲ್ಲಿ ಮರುದಿನವೇ ಕಾರ್ಯ ಆರಂಭವಾಯಿತು. ಮೊದಲು ವೇಗ ಅಳೆಯಬೇಕು. ಅದಕ್ಕೆ ಒಂದು ಯಂತ್ರ ಬೇಕಂತೆ. ನನ್ನಲ್ಲಿ ಇರಲಿಲ್ಲ. ನನ್ನಲ್ಲಿ ಇದ್ದದ್ದು ನನ್ನದೇ ಕವನ ಸಂಕಲನದ ಇನ್ನೂರು ಪ್ರತಿಗಳು. ಮರಳಿನ ಚೀಲಕ್ಕೆ ಒಂದು ಪ್ರತಿಯನ್ನು ಒರಗಿಸಿ ಹೊಡೆದೆ. ಗುಂಡು ಅರುವತ್ತನಾಲ್ಕನೆಯ ಪುಟದವರೆಗೆ ಹೋಗಿ ನಿಂತಿತು. ನನ್ನ ಪುಸ್ತಕದಲ್ಲಿ ಅಷ್ಟು ದೂರ ಹೋದವರು ಅದಕ್ಕೆ ಮೊದಲು ಯಾರೂ ಇರಲಿಲ್ಲ!

ಆಮೇಲೆ ಕೋವಿಯನ್ನು ಬಿಚ್ಚಲು ಕುಳಿತೆ. ಒಳಗಿನ ಸ್ಪ್ರಿಂಗನ್ನು ಒತ್ತಿ ಹಿಡಿಯುವ ಸಾಧನವಿಲ್ಲದೆ ಬಿಚ್ಚಲೇಬಾರದು ಎಂದು ಹನ್ನೊಂದು ವಿಡಿಯೋಗಳಲ್ಲೂ ಹೇಳಿದ್ದರು. ಹೇಡಿಗಳು! ನಾನು ಮೊಣಕಾಲಿನಲ್ಲಿ ಒತ್ತಿ ಹಿಡಿದು ಕೊನೆಯ ಪಿನ್ನನ್ನು ಎಳೆದೆ.

ಢಣ್!

ಮುಂದಿನ ಕ್ಷಣದಲ್ಲಿ ನಾನು ಮಲಗಿದ್ದೆ. ಸ್ಪ್ರಿಂಗ್ ಇರಲಿಲ್ಲ. ಪಕ್ಕದ ಮನೆಯ ತಾರಸಿಯಿಂದ ವಿಮಲಾ ಬಾಯಿಯವರ ಸ್ವರ ಕೇಳಿತು.

"ಮಾಸ್ಟ್ರೇ, ನಮ್ಮ ಹಪ್ಪಳದ ಮೇಲೆ ಎಂತದೋ ಬಿತ್ತು! ಎರಡು ಸಲ ಹಾರಿ ಹಾರಿ ಬಿತ್ತು! ಜೀವ ಉಂಟಾ ಅದಕ್ಕೆ?"

"ಇಲ್ಲ ಬಾಯಿ, ಅದು ಸ್ಪ್ರಿಂಗ್."

"ನಿಮ್ಮದಾ?"

"ಮಾವನದ್ದು."

ಅವರು ಅದನ್ನು ಎರಡು ಬೆರಳಲ್ಲಿ ಎತ್ತಿ ನೋಡಿ, "ಆಪರೇಶನ್ ಆಗಿತ್ತಾ ಅವರಿಗೆ?" ಎಂದರು.

ಒಡೆದ ಹಪ್ಪಳಗಳಿಗೆ ಕ್ಷಮೆ ಕೇಳಿ ಸ್ಪ್ರಿಂಗ್ ತಂದೆ. ಅದನ್ನು ಒಳಗೆ ಕೂರಿಸಲು ನಾನು, ಸುಮನಾ, ಕೊನೆಗೆ ವಿಮಲಾ ಬಾಯಿ ಮೂವರೂ ಸೇರಿ ಒತ್ತಬೇಕಾಯಿತು. ಅಂತೂ ಜೋಡಿಸಿ ನೋಡಿದರೆ ನೆಲದ ಮೇಲೆ ಒಂದು ಚಿಕ್ಕ ವಾಷರ್ ಉಳಿದಿತ್ತು.

"ಇದು ಎಲ್ಲಿಯದು?" ಸುಮನಾ ಕೇಳಿದಳು.

"ಹೆಚ್ಚುವರಿ. ಕಂಪನಿಯವರು ಒಂದು ಜಾಸ್ತಿ ಹಾಕಿರ್ತಾರೆ."

"ಹೌದಾ? ಹೊಟ್ಟೆಯ ಒಳಗಾ?"

ಇಂಥ ಪ್ರಶ್ನೆಗಳಿಗೆ ವಿಜ್ಞಾನ ಉತ್ತರಿಸುವುದಿಲ್ಲ. ನಾನು ಗುರಿ ಇಟ್ಟು ಹೊಡೆದೆ. ಗುಂಡು ನನ್ನ ಸಂಕಲನದ ಮುನ್ನುಡಿಯನ್ನೂ ದಾಟಲಿಲ್ಲ. ಓದುಗರ ಹಾಗೆಯೇ!

ಘರ್ಷಣೆ ಹೆಚ್ಚಾಗಿದೆ, ಎಣ್ಣೆ ಬೇಕು ಎಂದು ತೀರ್ಮಾನಿಸಿದೆ. ಒಂದೆರಡು ಹನಿ ಸಾಕು, ಅದೂ ಅದಕ್ಕೆಂದೇ ಇರುವ ಎಣ್ಣೆ ಎಂದು ಎಲ್ಲರೂ ಹೇಳುತ್ತಾರೆ. ಮನೆಯಲ್ಲಿ ಇದ್ದದ್ದು ತೆಂಗಿನೆಣ್ಣೆ. ಮೂರು ಚಮಚ ಹೊಯ್ದೆ. ಮತ್ತೆ ಹೊಡೆದೆ. ಗರ್ನಾಲು ಸಿಡಿದಂತೆ ಶಬ್ದ, ನಳಿಗೆಯ ಬಾಯಿಂದ ನೀಲಿ ಹೊಗೆ! ಗುಂಡು ಪುಸ್ತಕವನ್ನು ಪೂರ್ತಿ ಸೀಳಿ, ಹಿಂಬದಿಯಲ್ಲಿದ್ದ ನನ್ನ ಭಾವಚಿತ್ರದ ಹಣೆಯ ನಡುವಿನಿಂದ ಹೊರಬಂದಿತ್ತು.

"ನೋಡಿದೆಯಾ! ವೇಗವೂ ಬಂತು, ಗುರಿಯೂ ಬಂತು!" ಎಂದು ಕುಣಿದೆ.

"ಹೊಗೆ ಯಾಕೆ ಬಂತು?" ಎಂದಳು.

"ಶಕ್ತಿ ಇದ್ದಲ್ಲಿ ಹೊಗೆ ಇರ್ತದೆ," ಎಂದೆ. ಒಳಗೆ ಎಣ್ಣೆಗೆ ಬೆಂಕಿ ಹತ್ತಿಕೊಂಡು ಗಾಳಿಯನ್ನು ಒತ್ತುವ ಚರ್ಮದ ಬಿರಡೆಯನ್ನೇ ಸುಡುತ್ತಿದೆ ಎಂಬುದು ಹನ್ನೆರಡನೆಯ ವಿಡಿಯೋದಲ್ಲಿತ್ತು. ಅದನ್ನು ನಾನು ನೋಡಿರಲಿಲ್ಲ.

ಸ್ಪರ್ಧೆಯ ದಿನ ಬೆಳಿಗ್ಗೆ ಕೋವಿಯನ್ನು ಮಾವನಿಗೆ ಒಪ್ಪಿಸಿದೆ. "ಒಮ್ಮೆ ಹೊಡೆದು ನೋಡ್ತೇನೆ," ಎಂದರು. "ಬೇಡ ಮಾವ, ನೇರ ಮೈದಾನದಲ್ಲೇ ನೋಡಿ," ಎಂದೆ. ಅಷ್ಟು ಭರವಸೆ!

ಸಂಘದ ಅಧ್ಯಕ್ಷರು ಮೈಕಿನಲ್ಲಿ ಮಾವನ ಹೆಸರು ಕರೆದರು. ಜನ ಚಪ್ಪಾಳೆ ತಟ್ಟಿದರು. ಮಾವ ಉಸಿರು ಹಿಡಿದು, ಕಣ್ಣು ಕಿರಿದು ಮಾಡಿ, ಟ್ರಿಗರ್ ಒತ್ತಿದರು. ಭೂಮಿ ನಡುಗುವಂಥ ಶಬ್ದ! ಮಾವ ಹೊಗೆಯಲ್ಲಿ ಮರೆಯಾದರು. ಗುಂಡು ಎಲ್ಲಿ ಹೋಯಿತೆಂದು ಇವತ್ತಿಗೂ ಯಾರಿಗೂ ತಿಳಿದಿಲ್ಲ. ಗಾಳಿಯಲ್ಲಿ ಮಾತ್ರ ಘಮ್ಮೆಂದು ಪರಿಮಳ ಹರಡಿತು.

"ಯಾರು ಮಾರಾಯ್ರೆ ಇಲ್ಲಿ ಬಾಳೆಕಾಯಿ ಚಿಪ್ಸ್ ಕಾಯಿಸುವುದು?" ಎಂದು ಹಿಂದಿನಿಂದ ಯಾರೋ ಕೇಳಿದರು.

ಮಾವ ಎರಡನೆಯ ಗುಂಡು ಹಾಕಿದರು. ಈ ಸಲ ಶಬ್ದವೇ ಇಲ್ಲ. ಬರೀ 'ಪುಸ್' ಎಂದಿತು. ಗುಂಡು ನಳಿಗೆಯ ತುದಿಗೆ ಬಂದು, ಸ್ವಲ್ಪ ಯೋಚಿಸಿ, ಮಾವನ ಬೂಟಿನ ಮೇಲೆ ಬಿತ್ತು. ಮೈದಾನವೇ ನಕ್ಕಿತು. ಮಾವ ನಗಲಿಲ್ಲ. ಬಾಗಿ ಗುಂಡನ್ನು ಹೆಕ್ಕಿ ಜೇಬಿಗೆ ಹಾಕಿಕೊಂಡು, ತೀರ್ಪುಗಾರರಿಗೆ ಕೈಮುಗಿದು ಹೊರಗೆ ಬಂದರು. ನಾನು ಅವರ ಎದುರು ಹೋಗಿ ನಿಂತೆ.

"ಮಾವ, ತಪ್ಪು ನನ್ನದು," ಎಂದೆ.

"ಗೊತ್ತುಂಟು," ಎಂದರು. ಅಷ್ಟೇ.

ಮರುದಿನ ನನ್ನನ್ನೂ ಕೂರಿಸಿಕೊಂಡು ಕಾರ್ಕಳದ ಹಳೆಯ ಮೆಕ್ಯಾನಿಕ್ ಒಬ್ಬರ ಅಂಗಡಿಗೆ ಹೋದರು. ಮೆಕ್ಯಾನಿಕ್ ಕೋವಿ ಬಿಚ್ಚಿ, ಮೂಸಿ, ಬೆರಳಿಗೆ ಹತ್ತಿದ ಕಪ್ಪು ಎಣ್ಣೆಯನ್ನು ಬೆಳಕಿಗೆ ಹಿಡಿದು ಹೌಹಾರಿದರು.

"ಅಯ್ಯೋ ದೇವರೇ! ಬಿರಡೆ ಸುಟ್ಟು ಕರಿ ಆಗಿದೆ. ವಾಷರ್ ಇಲ್ಲ. ಪಿನ್ನು ಉಲ್ಟಾ. ಇದನ್ನು ಬಿಚ್ಚಿದ್ದು ಯಾರು ಮಾಸ್ಟ್ರೇ?"

ನಾನು ಗೋಡೆಯ ಕ್ಯಾಲೆಂಡರನ್ನು ಬಹಳ ಆಸಕ್ತಿಯಿಂದ ಓದತೊಡಗಿದೆ. ಮಾವ ದೊಡ್ಡ ಮನಸ್ಸಿನವರು. ಅಳಿಯನ ಮಾನವನ್ನು ಹೊರಗಿನವರ ಎದುರು ಕಳೆಯುವವರಲ್ಲ.

"ಮನೆಗೆ ಒಂದು ಮಂಗ ಬಂದಿತ್ತು," ಎಂದರು.

"ಮಂಗನಾ? ಮಂಗನಿಗೆ ಸ್ಕ್ರೂಡ್ರೈವರ್ ಹಿಡಿಯಲಿಕ್ಕೆ ಬರ್ತದಾ?"

"ಬರುವುದಿಲ್ಲ," ಎಂದರು ಮಾವ. "ತೊಂದರೆ ಆದದ್ದೇ ಅದರಿಂದ."